ಆಟ ಒಂದೇ ಓಟದಲ್ಲಿ, ಪದ್ಯ ಬೇಕಾದಲ್ಲಿ: ಯಕ್ಷಗಾನದ ಡಿವಿಡಿ ಮಾಡುವ ಕ್ರಮ

ನೆಟ್‌ವರ್ಕ್ ಬೇಕೆಂದರೆ ಗುಡ್ಡ ಹತ್ತಬೇಕಾದ ಮನೆಗಳು ಸಿದ್ದಾಪುರ, ಯಲ್ಲಾಪುರದ ಕಡೆ ಇನ್ನೂ ಇವೆ. ಅಂಥ ಮನೆಯ ಅಜ್ಜನಿಗೆ ಆಟ ನೋಡಲು ಟಿವಿಯ ಕೆಳಗಿರುವ ಡಿವಿಡಿ ಪ್ಲೇಯರೇ ಗತಿ. ಆಟದ ಡಿಸ್ಕ್ ಬಗ್ಗೆ ಬರುವ ದೂರು ಮುಖ್ಯವಾಗಿ ಎರಡು. ರಿಮೋಟಿನ ನೆಕ್ಸ್ಟ್ ಒತ್ತಿದರೆ ಪದ್ಯದ ನಡುವೆ ಎಲ್ಲೋ ಹೋಗಿ ಬೀಳುತ್ತದೆ. ಸುಮ್ಮನೆ ನೋಡುತ್ತ ಕುಳಿತರೂ ಒಂದು ಸನ್ನಿವೇಶ ಮುಗಿದು ಇನ್ನೊಂದು ಶುರುವಾಗುವಾಗ ಪರದೆ ಕಪ್ಪಾಗಿ ಚಂಡೆ ತುಂಡಾಗುತ್ತದೆ.

ಎರಡನೆಯ ದೂರಿನ ಮೂಲ ಸಾಮಾನ್ಯವಾಗಿ ಒಂದೇ: ಒಡ್ಡೋಲಗಕ್ಕೊಂದು, ಯುದ್ಧಕ್ಕೊಂದು, ಮಂಗಳಕ್ಕೊಂದು ಎಂದು ಬೇರೆ ಬೇರೆ ಫೈಲ್ ಮಾಡಿ, ಪ್ರತಿಯೊಂದನ್ನೂ ಡಿಸ್ಕಿನಲ್ಲಿ ಪ್ರತ್ಯೇಕ ಟೈಟಲ್ (ಸ್ವತಂತ್ರವಾಗಿ ಓಡುವ ವಿಡಿಯೊ) ಆಗಿ ಇಟ್ಟಿರುವುದು. ಒಂದು ಟೈಟಲಿನಿಂದ ಇನ್ನೊಂದಕ್ಕೆ ಹೋಗುವಾಗ ಪ್ಲೇಯರ್ ಓದುವುದನ್ನು ನಿಲ್ಲಿಸಿ, ಹೊಸ ಜಾಗ ಹುಡುಕಿ, ಮತ್ತೆ ಹೊರಡುತ್ತದೆ. ಪ್ಲೇಯರ್ ಎಷ್ಟೇ ಒಳ್ಳೆಯದಿರಲಿ, ಆ ಕ್ಷಣದ ಮೌನ ತಪ್ಪುವುದಿಲ್ಲ. ಹಾಗಾಗಿ ಇಡೀ ಆಟ ಒಂದೇ ಟೈಟಲ್ ಆಗಿರಬೇಕು. ಚಾಪ್ಟರ್, ಅಂದರೆ ನೆಕ್ಸ್ಟ್ ಒತ್ತಿದಾಗ ಹೋಗಿ ನಿಲ್ಲುವ ಜಾಗ, ಅದರ ಮೇಲೆ ಹಾಕಿದ ಗುರುತು ಮಾತ್ರ. ಸೀರೆಯನ್ನು ಕತ್ತರಿಸದೆ ಅಲ್ಲಲ್ಲಿ ಪಿನ್ನು ಚುಚ್ಚಿದ ಹಾಗೆ.

ಚಿತ್ರೀಕರಣದಲ್ಲೇ ಸರಿಪಡಿಸಬೇಕಾದದ್ದು

ಶುರು ಮಾಡುವ ಮೊದಲು ಮೇಳದ ಯಜಮಾನರ ಮತ್ತು ಕಲಾವಿದರ ಒಪ್ಪಿಗೆ ಪಡೆಯಿರಿ. ಡಿಸ್ಕ್ ಹಂಚುವ ಉದ್ದೇಶವಿದ್ದರೆ ಅದು ಬರಹದಲ್ಲಿರಲಿ.

ಕ್ಯಾಮೆರಾವನ್ನು ಸೆಕೆಂಡಿಗೆ 25 ಅಥವಾ 50 ಫ್ರೇಮಿಗೆ ಇಡಿ, ಶಟರ್ 1/50. ನಮ್ಮ ಕರೆಂಟು 50 ಹರ್ಟ್ಸ್. 30 ಫ್ರೇಮ್, 1/60 ಶಟರಿನಲ್ಲಿ ತೆಗೆದರೆ ರಂಗಸ್ಥಳದ ದೀಪ ಮಿಣುಕಿದಂತೆ ಕಾಣಬಹುದು. ಮೇಲಾಗಿ 30 ಫ್ರೇಮಿನ ವಿಡಿಯೊವನ್ನು 25ಕ್ಕೆ ಇಳಿಸಿದರೆ ಮಂಡಿ ಕುಣಿತ ಜರ್ಕು ಹೊಡೆಯುತ್ತದೆ. ಕೈಯಲ್ಲಿರುವುದು ಮೊಬೈಲಿನಲ್ಲಿ 30 ಫ್ರೇಮಿಗೆ ತೆಗೆದ ವಿಡಿಯೊ ಮಾತ್ರ ಎಂದಾದರೆ, ಪಾಲ್ (ನಮ್ಮ 25 ಫ್ರೇಮಿನ ಟಿವಿ ಪದ್ಧತಿ) ಬದಲು ಎನ್‌ಟಿಎಸ್‌ಸಿ (30 ಫ್ರೇಮಿನ ಪದ್ಧತಿ) ಡಿಸ್ಕ್ ಮಾಡುವುದೇ ಮೇಲು. ನಮ್ಮಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಅದನ್ನೂ ಓದುತ್ತವೆ. ಆದರೆ ಮೊಬೈಲಿನ ಫ್ರೇಮ್ ದರ ಏರಿಳಿಯುತ್ತಿರುತ್ತದೆ. ಹ್ಯಾಂಡ್‌ಬ್ರೇಕ್‌ನಂಥ ಸಾಫ್ಟ್‌ವೇರಿನಲ್ಲಿ ಅದನ್ನು ಸ್ಥಿರ ದರಕ್ಕೆ ತಂದುಕೊಳ್ಳದಿದ್ದರೆ ಕೊನೆಯ ಹೊತ್ತಿಗೆ ಅರ್ಥಧಾರಿಯ ತುಟಿ ಒಂದು ಕಡೆ, ಮಾತು ಒಂದು ಕಡೆ.

ಧ್ವನಿಯ ಆಟೊ ಗೇನ್ ಆಫ್ ಮಾಡಿ. ಅದು ಆನ್ ಇದ್ದರೆ ಚಂಡೆ ಬಿದ್ದ ಕೂಡಲೇ ಕ್ಯಾಮೆರಾ ಮಟ್ಟವನ್ನು ಇಳಿಸುತ್ತದೆ, ಭಾಗವತರ ಸ್ವರ ಬಾವಿಯೊಳಗಿಂದ ಬಂದಂತಾಗುತ್ತದೆ. ಚಂಡೆಯ ಜೋರು ಪೆಟ್ಟಿಗೂ ಮೀಟರ್ ಮೈನಸ್ 6 ಡೆಸಿಬೆಲ್ ದಾಟದಂತೆ ಕೈಯಾರೆ ಇಡಿ.

ತುಂಡುಗಳನ್ನು ಜೋಡಿಸುವುದು

ದೀರ್ಘ ರೆಕಾರ್ಡಿಂಗನ್ನು ಅನೇಕ ಕ್ಯಾಮೆರಾಗಳು ತಾವೇ ತುಂಡು ಮಾಡುತ್ತವೆ, 2 ಅಥವಾ 4 ಜಿಬಿಗೆ ಒಂದರಂತೆ. ಎವಿಸಿಎಚ್‌ಡಿ (ಎಚ್‌ಡಿ ವಿಡಿಯೊದ ಒಂದು ಫೈಲ್ ಮಾದರಿ) ಕ್ಯಾಮೆರಾದ ತುಂಡುಗಳನ್ನು ಒಂದೊಂದಾಗಿ ಎಡಿಟಿಂಗ್ ಸಾಫ್ಟ್‌ವೇರಿಗೆ ಎಳೆದು ಹಾಕಿದರೆ ಪ್ರತಿ ಸಂದಿಯಲ್ಲೂ ಧ್ವನಿಯ ಕೆಲವು ಫ್ರೇಮ್ ಕಾಣೆಯಾಗಬಹುದು. ತಾಳದಲ್ಲಿ ಅದು ಕೂಡಲೇ ಗೊತ್ತಾಗುತ್ತದೆ. ಕ್ಯಾಮೆರಾದ ಜತೆ ಬಂದ ಸಾಫ್ಟ್‌ವೇರಿನಿಂದಲೇ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಅದು ತುಂಡುಗಳನ್ನು ಸೇರಿಸಿ ಒಂದೇ ಫೈಲ್ ಮಾಡಿಕೊಡುತ್ತದೆ. ಇದೊಂದು ಹೆಜ್ಜೆ ತಪ್ಪಿದರೆ ಮುಂದೆ ಎಷ್ಟು ಜಾಣತನ ಮಾಡಿದರೂ ಆ ಬಿರುಕು ಮುಚ್ಚುವುದಿಲ್ಲ.

ಧ್ವನಿಯನ್ನು ಮೈಕ್‌ಸೆಟ್ಟಿನ ಮಿಕ್ಸರಿನಿಂದ ಬೇರೆ ರೆಕಾರ್ಡರಿಗೆ ತೆಗೆದುಕೊಂಡಿದ್ದರೆ ಎರಡು ಯಂತ್ರಗಳ ಗಡಿಯಾರ ಒಂದೇ ಸಮ ಓಡುವುದಿಲ್ಲ. ಗಂಟೆ ಕಳೆಯುವುದರೊಳಗೆ ಕೆಲವು ಫ್ರೇಮಿನ ಅಂತರ ಬೀಳಬಹುದು. ಆರಂಭದಲ್ಲಿ ಮಾತ್ರ ಹೊಂದಿಸಿ ಬಿಡಬೇಡಿ, ಕೊನೆಯಲ್ಲೂ ಒಂದು ಚಂಡೆಪೆಟ್ಟು ನೋಡಿ ಹೊಂದಿಸಿ. ರೆಕಾರ್ಡರ್ 48 ಕಿಲೊಹರ್ಟ್ಸ್‌ನಲ್ಲಿರಲಿ. ಡಿವಿಡಿ ಬಯಸುವುದು ಅದನ್ನೇ, 44.1 ಸಿಡಿಯ ಲೆಕ್ಕ.

ಎಷ್ಟು ಹಿಡಿಸಬಹುದು

ಒಂದು ಪದರದ ಡಿಸ್ಕ್ 4.7 ಜಿಬಿ ಎನ್ನುತ್ತಾರೆ. ಕಂಪ್ಯೂಟರ್ ಅದನ್ನೇ 4.38 ಎಂದು ತೋರಿಸುತ್ತದೆ. ಲೆಕ್ಕ ಸುಲಭ: 600 ಅನ್ನು ಆಟದ ನಿಮಿಷಗಳಿಂದ ಭಾಗಿಸಿ. ಬಂದದ್ದು ಚಿತ್ರ, ಧ್ವನಿ ಸೇರಿ ಬಳಸಬಹುದಾದ ಬಿಟ್‌ರೇಟ್, ಅಂದರೆ ಮಾಹಿತಿಯ ಪ್ರಮಾಣ, ಸೆಕೆಂಡಿಗೆ ಮೆಗಾಬಿಟ್‌ನಲ್ಲಿ. 100 ನಿಮಿಷಕ್ಕೆ 6, 120 ನಿಮಿಷಕ್ಕೆ 5. ಇದರಲ್ಲಿ ಧ್ವನಿಗೆ 0.256 ಕಳೆಯಿರಿ (ಎಸಿ3 ಎಂಬ ಅದುಮಿದ ಧ್ವನಿ, 256 ಕಿಲೊಬಿಟ್). ಅದುಮದ ಪಿಸಿಎಂ ಧ್ವನಿ ಇಟ್ಟರೆ ಅದೊಂದೇ 1.5 ಮೆಗಾಬಿಟ್ ನುಂಗುತ್ತದೆ. ಎರಡು ಗಂಟೆಯ ಡಿಸ್ಕಿಗೆ ಅದು ದುಬಾರಿ.

ಕೇದಗೆ ಮುಂದಲೆಯ ಜರಿ, ಹೊಳೆಯುವ ಭುಜಕೀರ್ತಿ, ಅದರ ಮೇಲೆ ವೇಗದ ಕುಣಿತ. ಡಿವಿಡಿಯ ಚಿತ್ರವನ್ನು ಅದುಮುವ ಎಂಪೆಗ್-2 ವಿಧಾನಕ್ಕೆ ಇದಕ್ಕಿಂತ ಕಷ್ಟದ ಚಿತ್ರ ಸಿಗಲಿಕ್ಕಿಲ್ಲ. 4.5ಕ್ಕಿಂತ ಕೆಳಗಿಳಿದರೆ ಗಿರಕಿ ಹೊಡೆಯುವಾಗ ವೇಷ ಚೌಕಚೌಕವಾಗಿ ಒಡೆಯುತ್ತದೆ. ಹಾಗಾಗಿ ಬಯಲಾಟಕ್ಕೆ ಡಿಸ್ಕಿಗೆ ಎರಡು ಗಂಟೆಯೇ ಮಿತಿ ಎಂದು ಇಟ್ಟುಕೊಳ್ಳಿ. ತಾಳಮದ್ದಳೆಯ ಮಾತು ಬೇರೆ. ಕುಳಿತವರು ಕುಳಿತಲ್ಲೇ ಇರುವುದರಿಂದ 3.5 ಆದರೂ ನಡೆಯುತ್ತದೆ, ಎರಡೂಮುಕ್ಕಾಲು ಗಂಟೆ ಹಿಡಿಸಬಹುದು. ಮೇಲಿನ ಮಿತಿಯೂ ಇದೆ. ಡಿವಿಡಿ ನಿಯಮದಲ್ಲಿ ಚಿತ್ರಕ್ಕೆ 9.8 ಮೆಗಾಬಿಟ್ ವರೆಗೆ ಅವಕಾಶವಿದ್ದರೂ ಮನೆಯಲ್ಲಿ ಬರೆದ ಡಿಸ್ಕಿನಲ್ಲಿ 8 ದಾಟಿಸಬೇಡಿ, ಹಳೆಯ ಪ್ಲೇಯರ್ ತೊದಲುತ್ತದೆ.

ಎನ್‌ಕೋಡಿಂಗ್‌ನಲ್ಲಿ (ವಿಡಿಯೊವನ್ನು ಡಿವಿಡಿಯ ರೂಪಕ್ಕೆ ಅದುಮುವಾಗ): ಪಾಲ್, 720×576, 16:9, ಎರಡು ಪಾಸ್ (ಮೊದಲ ಸಲ ಅಳೆದು, ಎರಡನೆಯ ಸಲ ಅದುಮುವುದು), ಜಿಓಪಿ (ಫ್ರೇಮುಗಳ ಗುಂಪು) 15 ಫ್ರೇಮ್ ಮೀರದಂತೆ. ಇಡೀ ಆಟ ಒಂದೇ ಸಲ, ಒಂದೇ ಫೈಲಾಗಿ ಎನ್‌ಕೋಡ್ ಆಗಬೇಕು.

ಗುರುತು ಎಲ್ಲಿ ಹಾಕಬೇಕು

ಮೊದಲ ದೂರು ಇಲ್ಲಿ ಬಗೆಹರಿಯುತ್ತದೆ. ಎಂಪೆಗ್-2ರಲ್ಲಿ ಪ್ರತಿ ಫ್ರೇಮೂ ಪೂರ್ತಿ ಚಿತ್ರವಲ್ಲ. ಜಿಓಪಿ ಎಂಬ ಗುಂಪಿನ ಆರಂಭದಲ್ಲಿ ಮಾತ್ರ ಒಂದು ಪೂರ್ಣ ಚಿತ್ರ. ಉಳಿದವು ಅದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಚಾಪ್ಟರ್ ಶುರುವಾಗಲು ಸಾಧ್ಯವಿರುವುದು ಗುಂಪಿನ ಆರಂಭದಲ್ಲಿ ಮಾತ್ರ. ಪಾಲ್‌ನಲ್ಲಿ 15 ಫ್ರೇಮ್ ಎಂದರೆ 0.6 ಸೆಕೆಂಡ್. ನೀವು 12 ನಿಮಿಷ 40 ಸೆಕೆಂಡಿಗೆ ಸರಿಯಾಗಿ ಗುರುತು ಹಾಕಿದರೂ ಅದು ಅರ್ಧ ಸೆಕೆಂಡ್ ಆಚೆ ಸರಿಯಬಹುದು, ಭಾಗವತರ ಎತ್ತುಗಡೆಯ ಮೊದಲ ಅಕ್ಷರ ಹೋಯಿತು!

ಪರಿಹಾರ ಎರಡು. ಎನ್‌ಕೋಡರಿನಲ್ಲಿ ಚಾಪ್ಟರ್ ಮಾರ್ಕರ್ ಸೌಲಭ್ಯವಿದ್ದರೆ ಟೈಮ್‌ಲೈನಿನಲ್ಲೇ ಗುರುತು ಹಾಕಿ. ಅದು ಅಲ್ಲಿ ಹೊಸ ಗುಂಪನ್ನೇ ಶುರು ಮಾಡುತ್ತದೆ. ಇಲ್ಲವಾದರೆ ಪ್ರತಿ ಗುರುತನ್ನೂ ಒಂದು ಸೆಕೆಂಡ್ ಹಿಂದೆ ಹಾಕಿ. ಪದ್ಯದ ಮೊದಲು ಮದ್ದಳೆಯ ಒಂದೆರಡು ಪೆಟ್ಟು ಕೇಳಿಸಿದರೆ ಯಾರೂ ಬೇಸರಿಸುವುದಿಲ್ಲ.

ಯಾವ ಜಾಗ ಎಂಬುದು ಆಟ ಬಲ್ಲವರ ತೀರ್ಮಾನ. ಪೂರ್ವರಂಗ, ಒಡ್ಡೋಲಗ, ಪ್ರತಿ ಮುಖ್ಯ ವೇಷದ ಪ್ರವೇಶ, ಹೆಸರಾದ ಪದ್ಯ, ದೊಡ್ಡ ಸಂವಾದ, ಹಾಸ್ಯ, ಯುದ್ಧ, ಮಂಗಳ. ಐದು ನಿಮಿಷಕ್ಕೊಂದರಂತೆ ತಾನೇ ಚಾಪ್ಟರ್ ಹಾಕುವ ಸೌಲಭ್ಯ ಸಾಫ್ಟ್‌ವೇರಿನಲ್ಲಿರುತ್ತದೆ; ಅದನ್ನು ಮುಟ್ಟಬೇಡಿ. ಒಂದು ಟೈಟಲಿಗೆ 99 ಚಾಪ್ಟರ್ ವರೆಗೆ ಅವಕಾಶವಿದೆ, ಎರಡು ಗಂಟೆಗೆ 15ರಿಂದ 20 ಸಾಕು. ಸಮಯ ಬರೆದುಕೊಳ್ಳುವುದು ಎನ್‌ಕೋಡ್ ಆದ ಕೊನೆಯ ಫೈಲಿನಿಂದ. ಮೂಲ ಫೈಲಿನಲ್ಲಿ ಬರೆದುಕೊಂಡು ಆಮೇಲೆ ಆರಂಭದ ಎರಡು ನಿಮಿಷ ಕತ್ತರಿಸಿದರೆ ಎಲ್ಲ ಗುರುತೂ ಎರಡು ನಿಮಿಷ ಮುಂದಕ್ಕೆ ಬೀಳುತ್ತವೆ.

ಡಿಸ್ಕಿನ ರೂಪ ಕೊಡುವುದು

ಡಿವಿಡಿ ಸ್ಟೈಲರ್ ಎಂಬ ಸಾಫ್ಟ್‌ವೇರ್ ಉಚಿತ, ಈ ಕೆಲಸಕ್ಕೆ ಧಾರಾಳ ಸಾಕು. ಹೊಸ ಪ್ರಾಜೆಕ್ಟಿನಲ್ಲಿ ಪಾಲ್, 16:9 ಆರಿಸಿ ಫೈಲನ್ನು ಸೇರಿಸಿ. ಟೈಟಲಿನ ಪ್ರಾಪರ್ಟೀಸ್‌ಗೆ ಹೋಗಿ ಚಾಪ್ಟರ್ ಸಾಲಿನಲ್ಲಿ ಸಮಯಗಳನ್ನು ನಡುವೆ ಅಲ್ಪವಿರಾಮ ಕೊಟ್ಟು ತುಂಬಿ. ವಿಡಿಯೊ, ಆಡಿಯೊ ಎರಡಕ್ಕೂ ಫಾರ್ಮ್ಯಾಟ್ ಕಾಲಂನಲ್ಲಿ ಕಾಪಿ ಎಂದಿರಲಿ, ಇಲ್ಲದಿದ್ದರೆ ಅದು ಮತ್ತೊಮ್ಮೆ ಎನ್‌ಕೋಡ್ ಮಾಡಿ ನಿಮ್ಮ ಗುರುತುಗಳ ಜಾಗವನ್ನೂ ಚಿತ್ರವನ್ನೂ ಕೆಡಿಸುತ್ತದೆ.

ಮೆನುವಿನಲ್ಲಿ ಕನ್ನಡ ನೇರವಾಗಿ ಟೈಪ್ ಮಾಡಿದರೆ ಒತ್ತಕ್ಷರ ಒಡೆಯುವುದುಂಟು. 1024×576 ಅಳತೆಯ ಚಿತ್ರವೊಂದರಲ್ಲಿ ಹೆಸರುಗಳನ್ನು ಬರೆದು, ಅದನ್ನು 720×576ಕ್ಕೆ ಅದುಮಿ ಹಿನ್ನೆಲೆಯಾಗಿ ಹಾಕಿ, ಮೇಲೆ ಬರಿಯ ಬಟನ್ ಇಡಿ. ಒಂದು ಪುಟಕ್ಕೆ ಆರು ಹೆಸರು, ಅಕ್ಷರ ದೊಡ್ಡದು, ಅಂಚಿನಿಂದ ಹತ್ತನೆಯ ಒಂದು ಭಾಗ ಖಾಲಿ. ಡಬ್ಬಿ ಟಿವಿಗಳು ಅಂಚನ್ನು ನುಂಗುತ್ತವೆ.

ಮೂರು ಗಂಟೆಯ ಕಾಲಮಿತಿ ಆಟವಿದ್ದರೆ

ಎರಡು ಡಿಸ್ಕ್ ಮಾಡುವುದೇ ಸುರಕ್ಷಿತ. ಒಂದರಲ್ಲೇ ಬೇಕೆಂದರೆ 8.5 ಜಿಬಿಯ ಎರಡು ಪದರದ ಡಿಸ್ಕ್. ಅಲ್ಲಿ 600ರ ಬದಲು 1,080 ಇಟ್ಟು ಭಾಗಿಸಿ. 180 ನಿಮಿಷಕ್ಕೆ 6 ಸಿಗುತ್ತದೆ. ಆದರೆ ಮೊದಲ ಪದರದಿಂದ ಎರಡನೆಯದಕ್ಕೆ ಲೇಸರ್ ದೃಷ್ಟಿ ಬದಲಿಸುವಾಗ ಚಿತ್ರ ಒಂದು ಕ್ಷಣ ನಿಲ್ಲುತ್ತದೆ. ಅದನ್ನು ತಪ್ಪಿಸಲಾಗದು, ಅಡಗಿಸಬಹುದು. ಪದರ ಮುರಿಯುವ ಜಾಗ ಚಾಪ್ಟರಿನ ಆರಂಭದಲ್ಲೇ ಇರಬೇಕು ಮತ್ತು ಎರಡನೆಯ ಪದರ ಮೊದಲನೆಯದಕ್ಕಿಂತ ದೊಡ್ಡದಾಗಬಾರದು. ಡಿಸ್ಕ್ 8.1 ಜಿಬಿ ತುಂಬಿದ್ದರೆ ಇದಕ್ಕೆ ಸಿಗುವ ಕಿಂಡಿ ಬಹಳ ಚಿಕ್ಕದು, ಸುಮಾರು 90ರಿಂದ 94ನೇ ನಿಮಿಷದ ನಡುವೆ. ಅಲ್ಲಿ ರಂಗಸ್ಥಳ ಖಾಲಿಯಾಗುವ ಕ್ಷಣ ಹುಡುಕಿ ಒಂದು ಚಾಪ್ಟರ್ ಹಾಕಿಡಿ. ಬರೆಯುವಾಗ ಇಮ್ಗ್‌ಬರ್ನ್ (ಡಿಸ್ಕ್ ಬರೆಯುವ ಸಾಫ್ಟ್‌ವೇರ್) ಯಾವ ಜಾಗ ಬೇಕೆಂದು ಕೇಳುತ್ತದೆ, ಅದನ್ನೇ ಆರಿಸಿ.

ಬರೆಯುವುದು, ಪರೀಕ್ಷಿಸುವುದು

ಸಿದ್ಧವಾದ ವಿಡಿಯೊ ಟಿಎಸ್ (VIDEO_TS, ಡಿವಿಡಿಯ ಫೈಲುಗಳಿರುವ) ಫೋಲ್ಡರನ್ನು ಮೊದಲು ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರಿನಲ್ಲಿ ತೆರೆದು ನೋಡಿ. ಪ್ರತಿ ಚಾಪ್ಟರಿಗೂ ಎರಡು ಪರೀಕ್ಷೆ: ನೆಕ್ಸ್ಟ್ ಒತ್ತಿ ಜಿಗಿಯುವುದು, ಮತ್ತು ಹತ್ತು ಸೆಕೆಂಡ್ ಹಿಂದಿನಿಂದ ಬಿಟ್ಟು ಗುರುತನ್ನು ದಾಟಿಸುವುದು. ದಾಟುವಾಗ ಕಣ್ಣು ಮುಚ್ಚಿ ಕೇಳಿ. ತಾಳ ತಪ್ಪಿದ್ದು ಕಿವಿಗೆ ಬೇಗ ಸಿಗುತ್ತದೆ. ಅನಂತರ ಅಳಿಸಿ ಬರೆಯಬಹುದಾದ ಡಿಸ್ಕಿನಲ್ಲಿ ಒಂದು ಪ್ರತಿ ಮಾಡಿ, ಊರಿನ ಅತಿ ಹಳೆಯ ಪ್ಲೇಯರಿನಲ್ಲಿ ಓಡಿಸಿ.

ಕೊನೆಯ ಪ್ರತಿಗೆ ಡಿವಿಡಿ ಮೈನಸ್ ಆರ್ ಡಿಸ್ಕ್ ಬಳಸಿ, ಹಳೆಯ ಯಂತ್ರಗಳಿಗೆ ಅದು ಹೆಚ್ಚು ಒಗ್ಗುತ್ತದೆ. ಬರೆಯುವ ಸಾಫ್ಟ್‌ವೇರಿನ ಫೈಲ್ ಸಿಸ್ಟಮ್ ಆಯ್ಕೆಯಲ್ಲಿ ಐಎಸ್‌ಓ 9660 ಜತೆ ಯುಡಿಎಫ್ 1.02 ಆರಿಸಿ. 16ಎಕ್ಸ್ ಡಿಸ್ಕನ್ನು 8ಎಕ್ಸ್‌ನಲ್ಲಿ ಬರೆದರೆ ಎಂಟು ನಿಮಿಷದ ಆಸುಪಾಸು, ಆಮೇಲೆ ವೆರಿಫೈ. ಶಿರಸಿಯ ಮಳೆಗಾಲದಲ್ಲಿ ಕರೆಂಟನ್ನು ನಂಬಿ ಬರೆಯಲು ಕೂರಬೇಡಿ: ಬ್ಯಾಟರಿ ಇರುವ ಲ್ಯಾಪ್‌ಟಾಪ್, ಇಲ್ಲವೇ ಯುಪಿಎಸ್. ನಡುವೆ ನಿಂತ ಡಿಸ್ಕ್ ಚಹಾ ಲೋಟದಡಿ ಇಡಲಷ್ಟೇ ಉಪಯೋಗ.

ಪ್ಲೇಯರ್ ಡಿಸ್ಕನ್ನೇ ಗುರುತಿಸದಿದ್ದರೆ ವಿಡಿಯೊ ಟಿಎಸ್ ಫೋಲ್ಡರ್ ಇನ್ನೊಂದು ಫೋಲ್ಡರಿನೊಳಗೆ ಸೇರಿದೆಯೇ ನೋಡಿ. ಅದು ಡಿಸ್ಕಿನ ಮೇಲ್ಮಟ್ಟದಲ್ಲೇ ಇರಬೇಕು. ಕೈ ಬೀಸಿದಾಗ ಬಾಚಣಿಗೆಯ ಹಲ್ಲಿನಂಥ ಗೆರೆ ಕಂಡರೆ ಅಥವಾ ಚಲನೆ ಹಿಂದೆಮುಂದೆ ನಡುಗಿದರೆ ಫೀಲ್ಡ್ ಕ್ರಮ ತಿರುಗುಮುರುಗಾಗಿರಬಹುದು (ಇಂಟರ್‌ಲೇಸ್ ಚಿತ್ರದಲ್ಲಿ ಪ್ರತಿ ಫ್ರೇಮು ಸಾಲುಬಿಟ್ಟು ಸಾಲಿನ ಎರಡು ಅರ್ಧ ಚಿತ್ರ; ಒಂದೊಂದು ಅರ್ಧವೇ ಫೀಲ್ಡ್). ಎಚ್‌ಡಿ ಕ್ಯಾಮೆರಾದ ಇಂಟರ್‌ಲೇಸ್ ಚಿತ್ರಕ್ಕೆ ಮೇಲಿನ ಫೀಲ್ಡ್ ಮೊದಲು, ಹಳೆಯ ಡಿವಿ ಟೇಪಿಗೆ ಕೆಳಗಿನದು ಮೊದಲು. ವೇಷಧಾರಿಗಳು ಅಡಿಕೆ ಮರದಂತೆ ಉದ್ದವಾಗಿದ್ದರೆ 16:9 ಎಂಬ ಸೂಚನೆ ಬಿಟ್ಟುಹೋಗಿದೆ.

ಡಿಸ್ಕಿಗೆ ಅಂಟಿಸುವ ಕಾಗದದ ಲೇಬಲ್ ಬೇಡ. ಕರಾವಳಿಯ ತೇವಕ್ಕೆ ಅದು ಏಳುತ್ತದೆ, ತಿರುಗುವಾಗ ಡಿಸ್ಕ್ ಓಲಾಡುತ್ತದೆ. ಡಿಸ್ಕಿಗೆಂದೇ ಬರುವ ಮಾರ್ಕರಿನಿಂದ ಹೆಸರು ಬರೆಯಿರಿ. ಚಾಪ್ಟರ್ ಸಂಖ್ಯೆ ಮತ್ತು ಪದ್ಯದ ಮೊದಲ ಸಾಲನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಿ ಡಬ್ಬಿಯೊಳಗಿಡಿ. ಹಲವು ಪ್ಲೇಯರ್‌ಗಳಲ್ಲಿ ರಿಮೋಟಿನ ಅಂಕಿ ಒತ್ತಿದರೆ ನೇರ ಆ ಚಾಪ್ಟರಿಗೆ ಹೋಗುತ್ತದೆ. ಮೆನು ತಡಕುವುದಕ್ಕಿಂತ ಅಜ್ಜನಿಗೆ ಅದೇ ಹಗುರ.