ಗಾಳಿಯಲ್ಲಿ ಓಡುವ ಪುಟ್ಟ ಎಂಜಿನ್ ಮಾಡುತ್ತಾ ಲೇತ್ ಕಲಿತದ್ದು

ನಾನು ಮೊದಲು ಮಾಡಿದ ಎಂಜಿನ್ನಿಗೆ ಪೆಟ್ರೋಲೂ ಬೇಡ, ಬಾಯ್ಲರೂ ಬೇಡ. ಕಂಪ್ರೆಸರ್ ಗಾಳಿ ಕೊಟ್ಟರೆ ಓಡುತ್ತದೆ. ಆಸಿಲೇಟಿಂಗ್ ಎಂಜಿನ್ ಅಂತಾರೆ. ಇದರಲ್ಲಿ ಬೇರೆ ವಾಲ್ವ್ ಇಲ್ಲ, ಆ ಕೆಲಸವನ್ನು ಸಿಲಿಂಡರೇ ಮಾಡುತ್ತದೆ. ಅದು ಒಂದು ಪಿನ್ ಮೇಲೆ ಆಚೀಚೆ ವಾಲುತ್ತಿರುತ್ತದೆ. ಒಂದು ಕಡೆ ವಾಲಿದಾಗ ಅದರ ತೂತು ಸ್ಟ್ಯಾಂಡಿನಲ್ಲಿರುವ ಗಾಳಿ ಬರುವ ತೂತಿಗೆ ಎದುರಾಗುತ್ತದೆ. ಇನ್ನೊಂದು ಕಡೆ ವಾಲಿದಾಗ ಗಾಳಿ ಹೊರಗೆ ಹೋಗುವ ತೂತಿಗೆ. ಅಷ್ಟೇ.

ಪೆಟ್ರೋಲ್ ಎಂಜಿನ್ನಿನಿಂದಲೇ ಶುರು ಮಾಡುವ ಆಸೆ ಯಾರಿಗಿಲ್ಲ ಹೇಳಿ. ಆದರೂ ಬೇಡ ಅಂತಲೇ ನನ್ನ ಸಲಹೆ. ಅದು ಸ್ಟಾರ್ಟ್ ಆಗದಿದ್ದರೆ ತೊಂದರೆ ರಿಂಗಿನದೋ, ವಾಲ್ವ್ ಸೀಟಿನದೋ, ಕಾರ್ಬುರೇಟರಿನದೋ, ಕಿಡಿಯದೋ ಹೊಸಬರಿಗೆ ಗೊತ್ತೇ ಆಗುವುದಿಲ್ಲ. ಗಾಳಿ ಎಂಜಿನ್ ಓಡದಿದ್ದರೆ ಕಾರಣ ಎರಡೇ: ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಎಲ್ಲೋ ಬಿಗಿ ಇದೆ.

ನನ್ನದು 12 ಮಿ.ಮೀ. ಬೋರ್ (ಒಳಗಿನ ತೂತಿನ ಅಗಲ), 20 ಮಿ.ಮೀ. ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ). ಫ್ಲೈವೀಲ್ 60 ಮಿ.ಮೀ. ದೊಡ್ಡ ಲೇತ್ (ಲೋಹದ ತುಂಡನ್ನು ತಿರುಗಿಸಿ ಕಡೆಯುವ ಯಂತ್ರ) ಇಲ್ಲದೆ ಆಗಲ್ಲ ಅನ್ನುವುದು ಸುಮ್ನೆ ಹೆದರಿಕೆ. ಮೇಜಿನ ಮೇಲಿಡುವ ಲೇತ್ ಸಾಕು.

ಟೂಲ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕತ್ತರಿಸುವ ಟೂಲಿನ ತುದಿ ಸರಿಯಾಗಿ ಸೆಂಟರ್ ಎತ್ತರಕ್ಕೆ, ಅಂದರೆ ತುಂಡು ತಿರುಗುವ ನಡುಗೆರೆಯ ಎತ್ತರಕ್ಕೆ ಇರಬೇಕು. ಫೇಸಿಂಗ್ (ತುಂಡಿನ ಮುಖ ಸಪಾಟು) ಮಾಡಿದ ಮೇಲೆ ನಟ್ಟನಡುವೆ ಸಣ್ಣ ಮೊಳಕೆ ಉಳಿದರೆ ಎತ್ತರ ಸರಿಯಿಲ್ಲ ಅಂತ ಅರ್ಥ. ಅಡಿಗೆ ತೆಳು ತಗಡು ಕೊಟ್ಟೋ ತೆಗೆದೋ ಸರಿ ಮಾಡಬಹುದು. ವೇಗಕ್ಕೆ ಒಂದು ಸುಲಭ ಲೆಕ್ಕ ಇದೆ. ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಟೂಲಿನಲ್ಲಿ ಮೈಲ್ಡ್ ಸ್ಟೀಲ್ ಕತ್ತರಿಸಲು ನಿಮಿಷಕ್ಕೆ ಸುಮಾರು 25 ಮೀಟರ್. ಅದನ್ನು 318ರಿಂದ ಗುಣಿಸಿ, ಜಾಬಿನ (ಕತ್ತರಿಸುತ್ತಿರುವ ತುಂಡಿನ) ಮಿ.ಮೀ. ವ್ಯಾಸದಿಂದ ಭಾಗಿಸಿದರೆ ಆರ್‌ಪಿಎಂ ಸಿಗುತ್ತದೆ. 60 ಮಿ.ಮೀ. ಫ್ಲೈವೀಲಿಗೆ 130ರ ಆಸುಪಾಸು. ತುಂಬಾ ನಿಧಾನ ಅನ್ನಿಸುತ್ತೆ, ಅಲ್ವಾ? ಅದಕ್ಕಿಂತ ಜೋರಾಗಿ ಓಡಿಸಿದರೆ ಟೂಲಿನ ತುದಿ ಬೇಗ ಹೋಗುತ್ತದೆ. ಹಿತ್ತಾಳೆಗೆ ಇದರ ಎರಡರಷ್ಟು ವೇಗ ಆರಾಮಾಗಿ ಕೊಡಬಹುದು, ಎಣ್ಣೆಯೂ ಬೇಡ.

ಇನ್ನು ನಿಜವಾದ ವಿಷಯ. ಡ್ರಾಯಿಂಗಿನಲ್ಲಿರುವ ಅಳತೆಗಳಿಗಿಂತ ಯಾವ ಮೈಯನ್ನು ಯಾವ ಮೈ ಜೊತೆ ಒಂದೇ ಸೆಟ್ಟಿಂಗಿನಲ್ಲಿ (ಬಿಚ್ಚದೆ ಒಮ್ಮೆ ಹಿಡಿದಾಗಲೇ) ಕತ್ತರಿಸಿದ್ದೀರಿ ಅನ್ನುವುದು ಮುಖ್ಯ. ಫ್ಲೈವೀಲ್ 60 ಬದಲು 59.3 ಆದರೆ ಎಂಜಿನ್ನಿಗೆ ಏನೂ ಆಗುವುದಿಲ್ಲ. ಆದರೆ ಅದರ ಬೋರ್ ಹೊರಸುತ್ತಿಗೆ 0.1 ಮಿ.ಮೀ. ಓರೆಯಾದರೆ ತಿರುಗುವಾಗ ಅಲ್ಲಾಡುವುದು ಕಣ್ಣಿಗೇ ಕಾಣುತ್ತದೆ. ಮೂರು ಜಾ (ದವಡೆ) ಇರುವ ಚಕ್ಕಿನಿಂದ, ಅಂದರೆ ಲೇತಿನ ಹಿಡಿತದಿಂದ, ಜಾಬನ್ನು ಒಮ್ಮೆ ಬಿಚ್ಚಿ ಮತ್ತೆ ಹಿಡಿದರೆ ಅದು ಮೊದಲಿನ ಜಾಗಕ್ಕೆ ಬರುವುದಿಲ್ಲ. ಹಾಗಾಗಿ ಹೊರಸುತ್ತು, ಒಂದು ಮುಖ, ಬೋರ್, ರೀಮಿಂಗ್ (ತೂತನ್ನು ನುಣುಪಾಗಿ ಕೊನೆಯ ಅಳತೆಗೆ ತರುವುದು) ಎಲ್ಲ ಮುಗಿಯುವವರೆಗೆ ನಾನು ಚಕ್ ಬಿಗಿ ಮಾಡುವ ಕೀಯನ್ನು ಮುಟ್ಟುವುದಿಲ್ಲ. ಇನ್ನೊಂದು ಮುಖವನ್ನು ಆಮೇಲೆ ಮ್ಯಾಂಡ್ರೆಲ್ (ಬೋರಿನೊಳಗೆ ಕೂರುವ ಸರಳು) ಮೇಲೆ ಹಿಡಿದು ಮಾಡಿದರಾಯಿತು. (ಹಾಂ, ಕೀ ವಿಷಯ ಬಂತಲ್ಲ. ಕೈ ಬಿಟ್ಟ ಕೂಡಲೇ ಅದು ಚಕ್ಕಿನಿಂದ ಹೊರಗಿರಬೇಕು. ಇದರಲ್ಲಿ ರಿಯಾಯಿತಿ ಇಲ್ಲ.)

ಸಿಲಿಂಡರಿಗೆ ಚೌಕ ಹಿತ್ತಾಳೆ ತುಂಡು ತಗೊಂಡೆ. ಮೊದಲು ಅದರ ಒಂದು ಮುಖವನ್ನು ಸಪಾಟು ಮಾಡಿದೆ. ಆಮೇಲೆ ನಾಲ್ಕು ಜಾ ಚಕ್ಕಿನಲ್ಲಿ ಹಿಡಿದು, ಆ ಮುಖದ ಉದ್ದಕ್ಕೂ ಡಯಲ್ ಗೇಜ್ (ಸಣ್ಣ ಏರುಪೇರನ್ನು ಮುಳ್ಳಿನಿಂದ ತೋರಿಸುವ ಅಳತೆ ಸಾಧನ) ಓಡಿಸಿ ಮುಳ್ಳು ಅಲ್ಲಾಡದಂತೆ ಸೆಟ್ ಮಾಡಿದೆ. ಬೋರ್ ಈ ಮುಖಕ್ಕೆ ಸಮಾನಾಂತರ ಇರಲೇಬೇಕು, ಯಾಕೆಂದರೆ ಸ್ಟ್ಯಾಂಡಿಗೆ ಅಂಟಿಕೊಂಡು ಜಾರುವುದು ಇದೇ ಮುಖ. 11 ಮಿ.ಮೀ. ಡ್ರಿಲ್, ಬೋರಿಂಗ್ ಬಾರಿನಿಂದ 11.8, ಕೊನೆಗೆ 12ರ ರೀಮರ್. ನಡುವಿನ ಬೋರಿಂಗ್ ಬಿಡಬೇಡಿ. ಡ್ರಿಲ್ ಓರೆ ಹೋಗಿದ್ದರೆ ರೀಮರ್ ಅದೇ ದಾರಿ ಹಿಡಿಯುತ್ತದೆ, ನೇರ ಮಾಡುವುದು ಬೋರಿಂಗ್ ಟೂಲ್ ಮಾತ್ರ. ಹಿತ್ತಾಳೆಯಲ್ಲಿ ಮಾಮೂಲಿ ಡ್ರಿಲ್ ಸರಕ್ಕನೆ ಒಳಗೆ ಎಳೆದುಕೊಳ್ಳುತ್ತದೆ. ಅದರ ಕತ್ತರಿಸುವ ಅಂಚಿನ ಮುಂದೆ ಎಣ್ಣೆಕಲ್ಲಿನಿಂದ ಸಣ್ಣ ಸಪಾಟು ಮಾಡಿಕೊಂಡರೆ ಈ ಕಾಟ ಇಲ್ಲ.

ಬೋರ್ ಆದ ಮೇಲೇ ಪಿಸ್ಟನ್. ಬೋರ್ 12.02 ಬಂದಿದ್ದರೆ ಪಿಸ್ಟನ್ ಅದಕ್ಕೆ ಹೊಂದಬೇಕು, ಡ್ರಾಯಿಂಗಿನ 12ಕ್ಕೆ ಅಲ್ಲ. ಪಿಸ್ಟನ್ನನ್ನು ಅದರ ರಾಡಿಗೆ ಮೊದಲೇ ಕೂರಿಸಿ, ರಾಡನ್ನು ಕಾಲೆಟ್ಟಿನಲ್ಲಿ (ಸುತ್ತಲೂ ಸಮನಾಗಿ ಹಿಡಿಯುವ ತೋಳಿನಲ್ಲಿ) ಹಿಡಿದು ಟರ್ನ್ ಮಾಡಿದೆ. ಆಗ ಎರಡೂ ಒಂದೇ ಸೆಂಟರಿಗೆ ಬರುತ್ತವೆ. ಕೊನೆಯ ಕಟ್‌ಗಳಿಗೆ ಒಂದು ಉಪಾಯ ಇದೆ: ಕಾಂಪೌಂಡ್ ಸ್ಲೈಡನ್ನು (ಟೂಲ್ ಕೂತಿರುವ, ಯಾವ ಕೋನಕ್ಕೂ ತಿರುಗುವ ಜಾರುಮಣೆ) ಲೇತಿನ ಬೆಡ್ಡಿನ ಉದ್ದಕ್ಕೆ ತಿರುಗಿಸಿ, ಅದರಿಂದ 5.7 ಡಿಗ್ರಿ ಓರೆ ಇಡಿ. ಈಗ ಅದರ ಡಯಲ್ 0.1 ಮುಂದೆ ಹೋದರೆ ಟೂಲ್ ಒಳಗೆ ಹೋಗುವುದು 0.01 ಮಾತ್ರ, ವ್ಯಾಸದಲ್ಲಿ 0.02. ಅಳೆಯುವ ಮೊದಲು ಜಾಬ್ ತಣ್ಣಗಾಗಲಿ. 12 ಮಿ.ಮೀ. ಹಿತ್ತಾಳೆ 30 ಡಿಗ್ರಿ ಬಿಸಿಯಾದರೆ ಸುಮಾರು 7 ಮೈಕ್ರಾನ್ ಹಿಗ್ಗುತ್ತದೆ. ಈ ಕೆಲಸಕ್ಕೆ ಅದು ಸಣ್ಣದಲ್ಲ. ಡಿಜಿಟಲ್ ವರ್ನಿಯರ್ ಎರಡನೇ ದಶಾಂಶ ತೋರಿಸುತ್ತದೆ ಅಂತ ನಂಬಬೇಡಿ, ಮೈಕ್ರೋಮೀಟರ್ ಬಳಸಿ.

ಪರೀಕ್ಷೆ ಸುಲಭ. ಸಿಲಿಂಡರನ್ನು ನಿಲ್ಲಿಸಿ ಹಿಡಿದರೆ ಪಿಸ್ಟನ್ ತನ್ನ ಭಾರಕ್ಕೇ ಇಳಿಯಬೇಕು. ಗಾಳಿ ತೂತನ್ನು ಬೆರಳಿನಿಂದ ಮುಚ್ಚಿದರೆ ಅಲ್ಲೇ ತಡೆದು, ಮೆಲ್ಲಗೆ ಜಾರಬೇಕು.

ತೂತುಗಳ ಜಾಗವನ್ನು ಡ್ರಾಯಿಂಗ್ ನೋಡಿ ಮಾಡುವುದಕ್ಕಿಂತ ಲೆಕ್ಕ ಹಾಕಿ ಮಾಡಿದರೆ ಎಂಜಿನ್ ಅರ್ಥವಾಗುತ್ತದೆ. ಪಿಸ್ಟನ್ ರಾಡ್ ತಿರುಗಿಸುವ ಕ್ರ್ಯಾಂಕಿನ ತ್ರಿಜ್ಯ 10 ಮಿ.ಮೀ. ಸಿಲಿಂಡರ್ ವಾಲುವ ಪಿನ್ನಿನಿಂದ ಕ್ರ್ಯಾಂಕ್ ಶಾಫ್ಟಿನ ಸೆಂಟರಿಗೆ 50. ಸಿಲಿಂಡರ್ ಅತಿ ಹೆಚ್ಚು ವಾಲುವ ಕೋನದ ಸೈನ್ 10/50, ಅಂದರೆ 0.2. ಸಿಲಿಂಡರಿನ ತೂತು ಪಿನ್ನಿನಿಂದ 12 ಮಿ.ಮೀ. ದೂರ ಇದ್ದರೆ, ಅದು ನಡುಗೆರೆಯಿಂದ ಆಚೀಚೆ 2.4 ಮಿ.ಮೀ. ಸರಿಯುತ್ತದೆ. ಸ್ಟ್ಯಾಂಡಿನ ಎರಡು ತೂತುಗಳ ಜಾಗ ಅದೇ. ಎಲ್ಲ ತೂತೂ 2 ಮಿ.ಮೀ. ಇದ್ದರೆ ಸಿಲಿಂಡರ್ ನೇರ ನಿಂತಾಗ ಪ್ರತಿ ಕಡೆ 0.4 ಮಿ.ಮೀ. ಗೋಡೆ ಉಳಿದು ಗಾಳಿ ನಿಲ್ಲುತ್ತದೆ. ಜಾಸ್ತಿ ಗಾಳಿ ಬರಲಿ ಅಂತ 2.5ರ ಡ್ರಿಲ್ ಹಾಕಿದರೆ ಮೂರೂ ತೂತು ಒಂದಕ್ಕೊಂದು ತೆರೆದುಕೊಂಡು, ಗಾಳಿ ಕೆಲಸ ಮಾಡದೆ ನೇರ ಹೊರಗೆ ಹೋಗುತ್ತದೆ.

ಜಾರುವ ಎರಡು ಮುಖಗಳನ್ನೂ ದಪ್ಪ ಗಾಜಿನ ಮೇಲೆ 1000 ನಂಬರಿನ ನೀರು ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಉಜ್ಜಿದೆ. ಮಾರ್ಕರಿನಿಂದ ಮುಖದ ಮೇಲೆಲ್ಲ ಗೀಚಿ ಉಜ್ಜಿದರೆ ಎಲ್ಲಿ ತಗ್ಗು ಅನ್ನುವುದು ಕಾಣುತ್ತದೆ. ಪಿನ್ ಸುತ್ತ ಒಂದಿಷ್ಟು ಲೋಹವನ್ನು ತಗ್ಗು ಮಾಡಿ ತೆಗೆದರೆ ಸಿಲಿಂಡರ್ ನಡುವಿನ ಮೇಲೆ ಕೂತು ಅಲ್ಲಾಡುವುದಿಲ್ಲ.

ಜೋಡಿಸುವಾಗ ಒಂದೊಂದೇ ಭಾಗ ಸೇರಿಸಿ, ಪ್ರತಿ ಸಲ ಕೈಯಲ್ಲಿ ತಿರುಗಿಸಿ ನೋಡಿದೆ. ಶಾಫ್ಟ್ ಒಂದೇ ಇದ್ದಾಗ ಹಗುರ, ಸಿಲಿಂಡರ್ ಸೇರಿಸಿದ ಮೇಲೆ ಸುತ್ತಿಗೊಮ್ಮೆ ಬಿಗಿ ಅಂದರೆ ಮೊದಲು ಅನುಮಾನ ಪಡಬೇಕಾದದ್ದು ಕ್ರ್ಯಾಂಕ್ ಪಿನ್. ಅದು ಶಾಫ್ಟಿಗೆ ಸಮಾನಾಂತರ ಇರುವುದಿಲ್ಲ.

ಗಾಳಿ 1 ಬಾರ್‌ನಷ್ಟು ಸಾಕು. ಎರಡು ಹನಿ ತೆಳು ಎಣ್ಣೆ ಹಾಕಿ, ಫ್ಲೈವೀಲಿಗೆ ಬೆರಳಿನಿಂದ ಒಂದು ತಳ್ಳು ಕೊಡಿ. ಒಂದೇ ಕಡೆ ಗಾಳಿ ತಳ್ಳುವ ಎಂಜಿನ್ ಇದು, ತಾನಾಗಿ ಹೊರಡುವುದಿಲ್ಲ. ಸಿಲಿಂಡರನ್ನು ಸ್ಟ್ಯಾಂಡಿಗೆ ಒತ್ತಿ ಹಿಡಿಯುವ ಸ್ಪ್ರಿಂಗ್ ಸಡಿಲವಾದರೆ ಮುಖ ಬಿಟ್ಟು ಗಾಳಿ ಪುಸ್ ಅನ್ನುತ್ತದೆ, ಬಿಗಿಯಾದರೆ ಎಂಜಿನ್ ಒದ್ದಾಡುತ್ತದೆ. ಓಡುತ್ತಿರುವಾಗಲೇ ನಟ್ಟನ್ನು ಸ್ವಲ್ಪ ಸ್ವಲ್ಪ ಸಡಿಲಿಸುತ್ತಾ ಹೋಗಿ, ಪುಸ್ ಶುರುವಾದ ಜಾಗದಿಂದ ಕಾಲು ಸುತ್ತು ವಾಪಸ್ ಬಿಗಿ ಮಾಡಿದರೆ ಸರಿಹೋಗುತ್ತದೆ. ಹಿಂದಕ್ಕೆ ಓಡಿಸಬೇಕಾ? ಪೈಪನ್ನು ಇನ್ನೊಂದು ತೂತಿಗೆ ಹಾಕಿ.