ಟಾಪ್ ಎಂಡ್ ಬಿಟ್ಟು ಹಿಂದಿನ ವೈಪರ್ ಹುಡುಕಿಕೊಂಡು ಹೋದದ್ದು

ಕರಾವಳಿಯಲ್ಲಿ ಕಾರಿಗೆ ಪರೀಕ್ಷೆ ಅಂತ ಒಂದಿದ್ದರೆ ಅದು ಜುಲೈ ತಿಂಗಳು. ಹಾಗಾಗಿ ಹಳೆ ಕಾರು ಕೊಟ್ಟು ಹೊಸದು ತೆಗೆದುಕೊಳ್ಳುವ ಮಾತು ಮನೆಯಲ್ಲಿ ಎದ್ದಾಗ ನಾನು ಶೋರೂಂಗೆ ಹೋಗಲಿಲ್ಲ. 20 ರೂಪಾಯಿಯ ಒಂದು ನೋಟ್‌ಬುಕ್ ತಂದು ಗ್ಲೋವ್‌ಬಾಕ್ಸಿನಲ್ಲಿಟ್ಟೆ. 2025ರ ಜುಲೈ 1ರಿಂದ 31ರ ತನಕ, ಗಾಡಿ ನಿಲ್ಲಿಸಿದಾಗಲೆಲ್ಲ, ಆ ಓಡಾಟದಲ್ಲಿ ಯಾವ ಯಾವ ಫೀಚರ್ ನಿಜವಾಗಿ ಬಳಸಿದೆ ಅಂತ ಒಂದೊಂದು ಗೀಟು ಎಳೆದೆ.

ನಾನು ಮೆಡಿಕಲ್ ರೆಪ್. ಮನೆ ಉಡುಪಿಯ ಸಂತೆಕಟ್ಟೆ ಹತ್ತಿರ. ತಿರುಗಾಟ ಆ ಕಡೆ ಬೈಂದೂರಿನಿಂದ ಈ ಕಡೆ ಮಂಗಳೂರಿನ ತನಕ, ಒಳಗೆ ಕಾರ್ಕಳ, ಹೆಬ್ರಿ, ಮೂಡುಬಿದಿರೆ. ವರ್ಷಕ್ಕೆ 25 ಸಾವಿರ ಕಿಲೋಮೀಟರಿಗೆ ಕಡಿಮೆ ಇಲ್ಲ. 2021ರ ಕೊನೆಯಲ್ಲಿ ಸಾಲ ಮಾಡಿ ಟಾಪ್ ಎಂಡ್ ಕಾರನ್ನೇ ತೆಗೆದುಕೊಂಡಿದ್ದೆ. ದಿನವಿಡೀ ಗಾಡಿಯಲ್ಲೇ ಇರುವವನು, ಎಲ್ಲ ಸೌಕರ್ಯ ಇರಲಿ ಅಂತ. ಸನ್‌ರೂಫ್, ತನ್ನಷ್ಟಕ್ಕೆ ಓಡುವ ವೈಪರ್, ಮುಟ್ಟಿದರೆ ಕೆಲಸ ಮಾಡುವ ಎಸಿ ಪ್ಯಾನೆಲ್, ವೈರ್‌ಲೆಸ್ ಚಾರ್ಜರ್, ಮೊಬೈಲ್ ಆ್ಯಪ್, ಗಾಳಿ ಬರುವ ಸೀಟು, 17 ಇಂಚಿನ ಅಲಾಯ್ ಚಕ್ರ. ಪಟ್ಟಿ ಓದುವಾಗ ಒಂದನ್ನೂ ಬೇಡ ಅನ್ನಲು ಮನಸ್ಸಾಗಿರಲಿಲ್ಲ.

ಸನ್‌ರೂಫಿನ ಪುಟದಲ್ಲಿ ಆ ಇಡೀ ತಿಂಗಳು ಒಂದು ಗೀಟೂ ಬೀಳಲಿಲ್ಲ. ಮಳೆಗಾಲ ಅಲ್ಲವೇ ಅಂತ ನೀವು ಕೇಳಬಹುದು. ಬೇಸಿಗೆಯಲ್ಲಿ ಮಧ್ಯಾಹ್ನ ಮಲ್ಪೆಯಲ್ಲಿ ನಿಲ್ಲಿಸಿ ಬಂದರೆ ಗಾಜಿನ ಮಾಡಿನಿಂದ ನೆತ್ತಿಗೆ ಝಳ ಹೊಡೆಯುತ್ತದೆ, ಒಳಗಿನ ಪರದೆ ಎಳೆದರೂ ಅಷ್ಟೆ. ಉಳಿಯುವುದು ಡಿಸೆಂಬರ್, ಜನವರಿಯ ನಾಲ್ಕೈದು ಸಂಜೆ. ಆಗ ಅಣ್ಣನ ಮಕ್ಕಳು ಎದ್ದು ನಿಲ್ಲುತ್ತೇವೆ ಅಂತ ಹಟ ಮಾಡುತ್ತಾರೆ. ನಾನು ಒಮ್ಮೆಯೂ ಬಿಟ್ಟಿಲ್ಲ. 40ರ ವೇಗದಲ್ಲಿ ಒಂದು ಬ್ರೇಕ್ ಒತ್ತಿದರೆ ಆ ಚೌಕಟ್ಟು ಮಗುವಿನ ಪಕ್ಕೆಲುಬಿಗೇ ಬಡಿಯುತ್ತದೆ.

ಆದರೆ ನನ್ನ ಮನಸ್ಸು ಸನ್‌ರೂಫಿನಿಂದ ಪೂರ್ತಿ ತಿರುಗಿದ್ದು 2023ರ ಜುಲೈಯಲ್ಲಿ. ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಿ ವಾಪಸ್ ಬರುತ್ತಿದ್ದೆ. ಸುರತ್ಕಲ್ ದಾಟುವಾಗ ಮಳೆ ಹಿಡಿಯಿತು. ಮೂಲ್ಕಿಯಲ್ಲಿ ಶಾಂಭವಿ ಹೊಳೆಯ ಸೇತುವೆ ಮೇಲೆ ಬರುವಾಗ ಅಮ್ಮ, "ಮಗಾ, ಮೇಲಿಂದ ನೀರು ಬೀಳ್ತಾ ಉಂಟು" ಅಂದರು. ಒಳಗಿನ ದೀಪದ ಸಂದಿಯಿಂದ ಹನಿ ಇಳಿದು ಅವರ ಸೆರಗು ನೆನೆದಿತ್ತು. ಕೈಯಲ್ಲಿದ್ದ ಸ್ಕ್ಯಾನ್ ರಿಪೋರ್ಟಿನ ಕವರನ್ನು ಅವರು ಸೀರೆಯೊಳಗೆ ಮುಚ್ಚಿ ಹಿಡಿದುಕೊಂಡಿದ್ದರು. ಪಡುಬಿದ್ರಿಯಲ್ಲಿ ನಿಲ್ಲಿಸಿ ಒಂದು ಟವೆಲ್ ಕೊಟ್ಟೆ. ಮನೆ ಮುಟ್ಟುವವರೆಗೆ ಅದನ್ನೇ ತಲೆಯ ಮೇಲೆ ಹಿಡಿದು ಕೂತರು.

ಮರುದಿನ ನಮ್ಮೂರಿನ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಮೊದಲು ಕೇಳಿದ್ದೇ, "ಮರದಡಿ ಇಡ್ತೀರಾ ಮಾರಾಯ್ರೆ ಗಾಡಿ?" ಹೌದು, ಅಂಗಳದ ಮಾವಿನ ಮರದಡಿ. ಆಗ ಅವರು ತೋರಿಸಿ ಹೇಳಿದರು. ಸನ್‌ರೂಫಿನ ರಬ್ಬರ್ ಎಲ್ಲ ನೀರನ್ನೂ ತಡೆಯುವುದಿಲ್ಲ, ತಡೆಯಬೇಕು ಅಂತ ಮಾಡಿದ್ದೂ ಅಲ್ಲ. ಒಳಗೆ ಬಂದ ನೀರಿಗೆ ಗಾಜಿನ ಸುತ್ತ ನೀರು ಹರಿಯುವ ಒಂದು ದೋಣಿ ಇರುತ್ತದೆ, ಅದರ ಮೂಲೆಗಳಿಂದ ಸಪೂರ ಪೈಪುಗಳು ಮಾಡು ಹೊತ್ತ ಕಂಬದೊಳಗೆ ಇಳಿದು ಕಾರಿನ ಕೆಳಗೆ ನೀರು ಬಿಡುತ್ತವೆ. ಮಾವಿನ ಹೂ ಉದುರಿ, ಧೂಳಿನ ಜೊತೆ ಸೇರಿ, ಆ ಪೈಪಿನ ಬಾಯಿಗೆ ಬಿರಡೆ ಹಾಕಿದ ಹಾಗೆ ಕೂತಿತ್ತು. ದೋಣಿ ತುಂಬಿ ಒಳಗೆ ಚೆಲ್ಲಿತು. ಕಂಪ್ರೆಸರ್ ಗಾಳಿ ಹೊಡೆಯಿರಿ ಅಂದೆ. ಜೋರಾಗಿ ಗಾಳಿ ಬಿಟ್ಟರೆ ಕಂಬದೊಳಗೆ ಪೈಪು ಕಳಚಿಕೊಳ್ಳುತ್ತದೆ, ಮತ್ತೆ ಒಳಗಿನದೆಲ್ಲ ಬಿಚ್ಚಬೇಕಾದೀತು ಅಂದರು. ಹುಲ್ಲು ಕತ್ತರಿಸುವ ಮೆಷಿನ್ನಿನ ನೈಲಾನ್ ದಾರವನ್ನು ಒಂದು ಮಾರು ಕತ್ತರಿಸಿ, ತುದಿಯನ್ನು ಬೆಂಕಿಯಲ್ಲಿ ಉರುಟು ಮಾಡಿ, ಮೆಲ್ಲ ಮೆಲ್ಲ ತೂರಿಸಿದರು. ಆಮೇಲೆ ಚೊಂಬಿನಲ್ಲಿ ನೀರು ಹೊಯ್ದು ನನ್ನನ್ನು ಚಕ್ರದ ಹತ್ತಿರ ಕೂರಿಸಿದರು. ಮೊದಲು ಕಪ್ಪು ಕೆಸರು ಬಂತು, ಹಿಂದೆಯೇ ತಿಳಿನೀರು. ಸನ್‌ರೂಫ್ ಇರುವವರು ಮೇ ತಿಂಗಳಲ್ಲಿ, ಮಳೆ ಹಿಡಿಯುವ ಮೊದಲು, ಇದನ್ನೊಂದು ಮಾಡಿಸಿಕೊಳ್ಳಿ.

ಎಸಿ ಪ್ಯಾನೆಲ್ಲಿನ ವಿಷಯ ಬೇರೆ. ಅದರ ಪುಟ ಗೀಟುಗಳಿಂದ ತುಂಬಿತ್ತು, ಆದರೂ ನಾನು ಅತಿ ಹೆಚ್ಚು ಬೈದದ್ದು ಅದನ್ನೇ. ಹೆಂಡತಿಯ ತವರು ತೀರ್ಥಹಳ್ಳಿ. ಹೆಬ್ರಿ ದಾಟಿ, ಸೋಮೇಶ್ವರ ಕಳೆದು ಆಗುಂಬೆ ಘಾಟಿ ಹತ್ತಬೇಕು, 14 ಹೇರ್‌ಪಿನ್ ತಿರುವು. ಗೀಟು ಎಳೆಯುತ್ತಿದ್ದ ಆ ಜುಲೈಯಲ್ಲಿ ಒಂದು ಸಂಜೆ ಮೇಲೆ ಹೋಗುವಾಗ ಹೊರಗೆ ಮಳೆ, ಮಂಜು. ಒಳಗೆ ಒದ್ದೆ ಬಟ್ಟೆಯ ನಾಲ್ಕು ಜನ. ಎದುರಿನ ಗಾಜು ಒಳಗಿನಿಂದ ಒಂದೇ ಸಮನೆ ಬೆಳ್ಳಗಾಯಿತು. ಮಾಡಬೇಕಾದದ್ದು ಗೊತ್ತಿತ್ತು: ಎಸಿ ಹಾಕಿ, ಗಾಳಿಯನ್ನು ಗಾಜಿಗೆ ತಿರುಗಿಸಿ, ಒಳಗಿನ ಗಾಳಿಯೇ ಸುತ್ತುವುದನ್ನು ನಿಲ್ಲಿಸಬೇಕು. ಹಳೆ ಕಾಲದ ಕಾರಾಗಿದ್ದರೆ ಮೂರು ಗುಬುಟು, ಕಣ್ಣು ರಸ್ತೆಯಲ್ಲೇ, ಕೈ ತಾನೇ ಹೋಗುತ್ತಿತ್ತು. ಇಲ್ಲಿ ನುಣ್ಣಗಿನ ಪಟ್ಟಿ, ಬೆರಳಿಗೆ ಎಲ್ಲ ಒಂದೇ. ಬೆರಳು ಬೇರೆ ಒದ್ದೆ, ಮುಟ್ಟಿದರೆ ಹಿಡಿಯುವುದಿಲ್ಲ. ಬಗ್ಗಿ ನೋಡಿ ಎರಡನೇ ಸಲ ಒತ್ತುವಷ್ಟರಲ್ಲಿ ಮೇಲಿನ ತಿರುವಿನಿಂದ ಬಸ್ಸಿನ ದೀಪ ಮುಖಕ್ಕೆ ಹೊಡೆಯಿತು. ಬ್ರೇಕ್ ಒತ್ತಿ ನಿಂತೆ. ಬಸ್ ಡ್ರೈವರ್ ಕೂಡ ನಿಂತರು. ಹೆಂಡತಿ ತನ್ನ ಶಾಲಿನಿಂದ ಗಾಜು ಉಜ್ಜಿ ಒಂದು ಕಿಂಡಿ ಮಾಡಿಕೊಟ್ಟಳು. ಅಲ್ಲಿಂದ ಮೇಲೆ ಹೋಗುವವರೆಗೆ ಒಬ್ಬರೂ ಮಾತಾಡಲಿಲ್ಲ. ಆ ರಾತ್ರಿ ಎಸಿ ಪುಟದ ಕೆಳಗೆ, "ಗುಬುಟು ಇಲ್ಲದ ಕಾರು ಬೇಡ" ಅಂತ ಬರೆದೆ.

ಯುರೋಪಿನಲ್ಲಿ ಕಾರುಗಳನ್ನು ಗುದ್ದಿಸಿ ನಕ್ಷತ್ರ ಕೊಡುವ ಯೂರೋ ಎನ್‌ಕ್ಯಾಪ್ ಕೂಡ ಈಗ ಈ ಕಡೆಗೇ ಬಂದಿದೆ. ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವು ಸ್ಕ್ರೀನಿನೊಳಗೆ ಸೇರದೆ ಕೈಗೆ ಸಿಗುವ ಹಾಗೆ ಇರಬೇಕು, ಇಲ್ಲದಿದ್ದರೆ 2026ರಿಂದ ಪೂರ್ತಿ ಅಂಕ ಸಿಗದು ಅಂತ ಅವರು ಹೇಳಿದ್ದಾರೆ. ನಮ್ಮ ಕರಾವಳಿಯವರನ್ನು ಕೇಳಿದರೆ ಗಾಜಿನ ಮಂಜು ತೆಗೆಯುವ ಗುಬುಟನ್ನೂ ಆ ಪಟ್ಟಿಗೆ ಸೇರಿಸುತ್ತಿದ್ದೆವು.

ತಾನೇ ಓಡುವ ವೈಪರ್ ಬಗ್ಗೆ ತುಂಬ ಆಸೆ ಇತ್ತು. ಕನ್ನಡಿಯ ಹಿಂದೆ ಗಾಜಿಗೆ ಅಂಟಿದ ಒಂದು ಸೆನ್ಸರ್ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನು ಗಾಜಿಗೆ ಬಿಡುತ್ತದೆ. ಗಾಜು ಒಣಗಿದ್ದರೆ ಬೆಳಕು ಹೊರಮೈಯಿಂದ ತಿರುಗಿ ಬರುತ್ತದೆ, ಹನಿ ಬಿದ್ದಲ್ಲಿ ಹೊರಗೆ ಸೋರಿ ಹೋಗುತ್ತದೆ. ಎಷ್ಟು ಕಡಿಮೆ ವಾಪಸ್ ಬಂತೋ ಅಷ್ಟು ಜೋರು ಮಳೆ ಅಂತ ಲೆಕ್ಕ. ಸುರಿಯುವ ಮಳೆಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಹೆದ್ದಾರಿ 66ರಲ್ಲಿ ನಮ್ಮ ಕಷ್ಟ ಮೇಲಿಂದ ಬೀಳುವ ಮಳೆಯಲ್ಲ, ಮುಂದಿನ ಲಾರಿಯ ಚಕ್ರದಿಂದ ಏಳುವ ಕೆಸರು ನೀರು. ಓವರ್‌ಟೇಕ್ ಮಾಡಲು ಹೊರಗೆ ಬಂದ ಆ ಒಂದು ಕ್ಷಣ ಗಾಜು ಪೂರ್ತಿ ಮುಚ್ಚಿಹೋಗುತ್ತದೆ. ಸೆನ್ಸರ್ ನೋಡಿದ ಮೇಲಷ್ಟೇ ವೈಪರ್ ಓಡುವುದು, ನನಗೆ ಬೇಕಾದದ್ದು ಅದಕ್ಕಿಂತ ಮೊದಲು. 31 ದಿನದಲ್ಲಿ ಆಟೋದಲ್ಲಿ ಬಿಟ್ಟದ್ದು ಆರು ದಿನ ಮಾತ್ರ. ಇನ್ನೊಂದು ಮಾತು, ಫಾಸ್ಟ್‌ಟ್ಯಾಗ್ ಅಂಟಿಸುವಾಗ ಆ ಸೆನ್ಸರಿನ ಜಾಗ ಬಿಟ್ಟು ಅಂಟಿಸಿ. ನನ್ನದನ್ನು ಅದರ ಮೇಲೆಯೇ ಅಂಟಿಸಿ ಕೊಟ್ಟಿದ್ದರು, ನನಗೆ ಗೊತ್ತಾಗಲು ಎರಡು ತಿಂಗಳು ಬೇಕಾಯಿತು.

ವೈರ್‌ಲೆಸ್ ಚಾರ್ಜರಿಗೆ ಎರಡು ಗೀಟು. ಹಂಪ್ ಹಾರಿದರೆ ಮೊಬೈಲ್ ಜಾರುತ್ತದೆ, ಜಾರದಿದ್ದರೆ ಬಿಸಿಯಾಗುತ್ತದೆ. ಆ್ಯಪಿನಿಂದ ಮೊದಲೇ ಎಸಿ ಹಾಕುವುದು ಕೇಳಲು ಚಂದ. ನಾನು ನಿಲ್ಲಿಸುವುದು ಆಸ್ಪತ್ರೆಗಳ ನೆಲಮಾಳಿಗೆಯಲ್ಲಿ, ಅಲ್ಲಿ ಕಾರಿಗೆ ನೆಟ್‌ವರ್ಕ್ ಸಿಗುವುದಿಲ್ಲ. ಮೂರು ವರ್ಷದ ಉಚಿತ ಅವಧಿ ಮುಗಿದ ಮೇಲೆ ದುಡ್ಡು ಕಟ್ಟಲಿಲ್ಲ. ಕನ್ನಡದಲ್ಲಿ ಹೇಳಿದರೆ ತಿಳಿಯದ ಧ್ವನಿ ಆಜ್ಞೆಗೆ ಗೀಟೇ ಇಲ್ಲ.

17 ಇಂಚಿನ ಅಲಾಯ್‌ಗೆ ಗೀಟು ಹಾಕುವುದು ಹೇಗೆ? ಅದಕ್ಕೆ ಹಳೆ ಬಿಲ್ಲುಗಳನ್ನೇ ನೋಡಿದೆ. ನಾಲ್ಕು ವರ್ಷದಲ್ಲಿ ಮೂರು ಟಯರ್ ಬದಿಯಲ್ಲಿ ಊದಿ ಹೋಗಿದ್ದವು, ಮೂರೂ ಮಳೆಗಾಲದಲ್ಲಿ, ನೀರು ತುಂಬಿ ಕಾಣದ ಹೊಂಡಕ್ಕೆ ಬಿದ್ದು. ನನ್ನ ಟಯರ್ 205/55 ಆರ್17. ಅದೇ ಕಾರಿನ ಕೆಳಗಿನ ಮಾಡೆಲ್ಲಿನದು 205/60 ಆರ್16. ಮಧ್ಯದ ಸಂಖ್ಯೆ ಅಗಲದ ಶೇಕಡಾವಾರು. ಲೆಕ್ಕ ಹಾಕಿದರೆ ನನ್ನ ಟಯರಿನ ಗೋಡೆಯ ಎತ್ತರ ಸುಮಾರು 113 ಮಿಲಿಮೀಟರ್, ಕೆಳಗಿನದರದ್ದು 123. ಹೊಂಡದ ಅಂಚಿಗೂ ರಿಮ್ಮಿಗೂ ನಡುವೆ ಆ 10 ಮಿಲಿಮೀಟರ್ ಹೆಚ್ಚು ರಬ್ಬರ್ ಇರುವುದು ನಮ್ಮ ರಸ್ತೆಗೆ ದೊಡ್ಡ ವಿಷಯ.

ಬೇಡ ಅಂದುಕೊಂಡದ್ದೇ ಗೆದ್ದದ್ದೂ ಉಂಟು. ಗಾಳಿ ಬರುವ ಸೀಟಿಗೆ ದಿನ ತಪ್ಪದೆ ಗೀಟು ಬಿತ್ತು. ಇಲ್ಲಿಯ ಸೆಕೆಗೆ ಬೆನ್ನು ಒಣಗಿರುವುದು ಎಂಥ ಸುಖ ಅಂತ ಟೈ ಕಟ್ಟಿ ತಿರುಗುವವರಿಗೇ ಗೊತ್ತು. ಆದರೆ ಬೆನ್ನು ಬೆವರಿಸುವುದು ಆ ಲೆದರೆಟ್ ಅನ್ನುವ ಕೃತಕ ಚರ್ಮದ ಹೊದಿಕೆಯೇ. ಮೇಲಾಗಿ ಮಳೆಗಾಲದಲ್ಲಿ ಒಂದು ವಾರ ಗಾಡಿ ತೆಗೆಯದಿದ್ದರೆ ಅದರ ಮೇಲೆ ಬೂಷ್ಟು ಬರುತ್ತದೆ. ಬಟ್ಟೆಯ ಸೀಟಾದರೆ ಫ್ಯಾನೂ ಅಷ್ಟು ಬೇಕಾಗುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಗೀಟು ಯಾವುದಕ್ಕೆ ಬಿತ್ತು ಗೊತ್ತೇ? ಹಿಂದಿನ ಗಾಜಿನ ವೈಪರ್ ಮತ್ತು ಆ ಗಾಜಿನ ಮಂಜು ತೆಗೆಯುವ ಡಿಫಾಗರಿಗೆ. ಮೂರನೆಯದು ರಿವರ್ಸ್ ಕ್ಯಾಮೆರಾ, ಅದೂ ಪ್ರತಿ ಸಲ ಲೆನ್ಸಿನ ಕೆಂಪು ಕೆಸರು ಒರೆಸಿಕೊಂಡು.

ಈ ಗೀಟಿನ ಲೆಕ್ಕ ಎಲ್ಲದಕ್ಕೂ ಹೊಂದುವುದಿಲ್ಲ ಅಂತ ತಿಂಗಳ ಮಧ್ಯದಲ್ಲೇ ಅರ್ಥವಾಯಿತು. ಏರ್‌ಬ್ಯಾಗಿಗೆ ನಾಲ್ಕು ವರ್ಷದಲ್ಲಿ ಒಂದು ಗೀಟೂ ಇಲ್ಲ, ಹಾಗಂತ ಬೇಡ ಅನ್ನಲಾಗುತ್ತದೆಯೇ? ಅದಕ್ಕೆ ನೋಟ್‌ಬುಕ್ಕಿನ ಹಿಂದಿನಿಂದ ಇನ್ನೊಂದು ಪುಟ ಶುರು ಮಾಡಿದೆ: "ಜೀವಮಾನದಲ್ಲಿ ಒಮ್ಮೆ ಬೇಕಾದರೂ ಬೇಕು." ಆರು ಏರ್‌ಬ್ಯಾಗ್, ಜಾರುವಾಗ ಹಿಡಿತ ಕೊಡುವ ಇಎಸ್‌ಸಿ, ಹಿಂದಿನ ಮೂರೂ ಸೀಟಿಗೆ ಸರಿಯಾದ ಬೆಲ್ಟ್, ಗುದ್ದು ಪರೀಕ್ಷೆಯ ನಕ್ಷತ್ರ. 2023ರಿಂದ ನಮ್ಮದೇ ಭಾರತ್ ಎನ್‌ಕ್ಯಾಪ್ ಇದೆ, ಅದರ ಫಲಿತಾಂಶ ನೋಡಿಯೇ ಶೋರೂಂಗೆ ಹೋಗಬಹುದು. ಇನ್ನು ಹಿಂದಿನ ಪಾರ್ಕಿಂಗ್ ಸೆನ್ಸರ್, 80 ದಾಟಿದರೆ ಕೂಗುವ ಎಚ್ಚರಿಕೆ ಇವು 2019ರ ಜುಲೈಯಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯ. ಅವನ್ನು ವಿಶೇಷ ಅಂತ ಎಣಿಸಿ ಹೇಳಿದರೆ ನಂಬಬೇಡಿ.

ನೋಟ್‌ಬುಕ್ ಹಿಡಿದುಕೊಂಡು ಶೋರೂಂಗೆ ಹೋದೆ. ಈ ಸಲ ಸ್ವಲ್ಪ ಸಣ್ಣ ಕಾರೇ ಸಾಕು ಅಂತ ಮೊದಲೇ ನಿರ್ಧಾರವಾಗಿತ್ತು. ಅಲ್ಲಿಯ ಹುಡುಗನಿಗೆ ಕೇಳಿದ್ದು ಒಂದೇ ಪ್ರಶ್ನೆ: "ಹಿಂದಿನ ವೈಪರ್, ಡಿಫಾಗರ್, ಆರು ಏರ್‌ಬ್ಯಾಗ್, ಎಸಿಗೆ ಗುಬುಟು ಇವಿಷ್ಟೂ ಇರುವ ಅತಿ ಕಡಿಮೆ ಬೆಲೆಯ ವೇರಿಯಂಟ್ ಯಾವುದು?" ಅವನು ಮೇಲಿನಿಂದ ಕೆಳಗೆ ತೋರಿಸಿ ಅಭ್ಯಾಸ ಇದ್ದವನು, ಕೆಳಗಿನಿಂದ ಮೇಲೆ ಹುಡುಕಲು ಹತ್ತು ನಿಮಿಷ ಬೇಕಾಯಿತು. ಸಿಕ್ಕಿತು, ಎಕ್ಸ್ ಶೋರೂಂ, ಅಂದರೆ ರಸ್ತೆ ತೆರಿಗೆ, ಇನ್ಶೂರೆನ್ಸ್ ಸೇರದೆ, 9.80 ಲಕ್ಷ. "ಸರ್, ಇನ್ನು 80 ಸಾವಿರ ಹಾಕಿದ್ರೆ ಸನ್‌ರೂಫ್ ಇರೋದು ಬರ್ತದೆ. ಇದು ಮತ್ತೆ ಮಾರ್ಲಿಕ್ಕೆ ಕಷ್ಟ ಆಗ್ತದೆ" ಅಂದ.

ಆ 80 ಸಾವಿರ ಬರೀ 80 ಸಾವಿರ ಅಲ್ಲ. ಕರ್ನಾಟಕದಲ್ಲಿ ಆಗ ಜೀವಿತಾವಧಿ ತೆರಿಗೆ 5ರಿಂದ 10 ಲಕ್ಷದ ತನಕ ಶೇ. 14, ಅದನ್ನು ದಾಟಿದರೆ 20 ಲಕ್ಷದ ತನಕ ಶೇ. 17 ಇತ್ತು, ಅದೂ ಪೂರ್ತಿ ಬೆಲೆಯ ಮೇಲೆ. 9.80 ಲಕ್ಷಕ್ಕೆ 1,37,200 ರೂಪಾಯಿ. 10.60 ಲಕ್ಷಕ್ಕೆ 1,80,200. ಅಂದರೆ ತೆರಿಗೆಯೊಂದರಲ್ಲೇ 43 ಸಾವಿರ ಹೆಚ್ಚು, ಸೆಸ್ಸು, ಇನ್ಶೂರೆನ್ಸ್ ಬೇರೆ. ಸಾಲದ ಬಡ್ಡಿ ಇದೆಲ್ಲದರ ಮೇಲೆ. ಮಾರುವ ವಿಷಯಕ್ಕೆ ಬಂದರೆ, ಅದೇ ದಿನ ನನ್ನ ಹಳೆ ಕಾರಿಗೆ ಬೆಲೆ ಕಟ್ಟಲು ಬಂದವರು ಕೆಳಗೆ ಮಲಗಿ ತುಕ್ಕು ನೋಡಿದರು, ಟಯರ್ ನೋಡಿದರು, ಸರ್ವಿಸ್ ಪುಸ್ತಕ, ಇನ್ಶೂರೆನ್ಸ್ ನೋಡಿದರು. ಸನ್‌ರೂಫ್ ತೆರೆದೂ ನೋಡಲಿಲ್ಲ.

ದೀಪಾವಳಿಗೆ ಗಾಡಿ ಮನೆಗೆ ಬಂತು. ಉಳಿದ ಹಣದಲ್ಲಿ ಉಪ್ಪುಗಾಳಿಗೆ ತಡೆಯಲಿ ಅಂತ ಗಾಡಿಯ ಅಡಿಭಾಗಕ್ಕೆ ಆ್ಯಂಟಿ ರಸ್ಟ್ ಕೋಟಿಂಗ್, ಒಂದು ಡ್ಯಾಶ್‌ಕ್ಯಾಮ್. ಮಿಕ್ಕದ್ದು ಸಾಲ ಕಡಿಮೆ ಮಾಡಲು ಹೋಯಿತು.

ನವೆಂಬರಿನಲ್ಲಿ ಅಮ್ಮನನ್ನು ಕೊಲ್ಲೂರಿಗೆ ಕರೆದುಕೊಂಡು ಹೋದೆವು. ಬೆಳಿಗ್ಗೆ ಹೋಗುವಾಗ ಏನೂ ತೊಂದರೆಯಾಗಲಿಲ್ಲ. ಮಧ್ಯಾಹ್ನ ಬಿಸಿಲಲ್ಲಿ ವಾಪಸ್ ಬರುವಾಗ ಹೆಮ್ಮಾಡಿ ಹತ್ತಿರ ಅಮ್ಮ ಬೀಸಣಿಗೆಯ ಹಾಗೆ ಪ್ರಸಾದದ ಕವರ್ ಬೀಸಿಕೊಳ್ಳುತ್ತಿದ್ದದ್ದು ಕನ್ನಡಿಯಲ್ಲಿ ಕಾಣಿಸಿತು. ಹಿಂದಿನ ಸೀಟಿಗೆ ಎಸಿ ವೆಂಟ್ ಇಲ್ಲ. ಹಳೆ ಕಾರಿನಲ್ಲಿ ಇತ್ತು. ಆ ಜುಲೈಯಲ್ಲಿ ಅದಕ್ಕೆ ಒಂದು ಗೀಟೂ ಬಿದ್ದಿರಲಿಲ್ಲ, ಯಾಕೆಂದರೆ ತಿಂಗಳು ಪೂರ್ತಿ ಪೆನ್ನು ಹಿಡಿದವನು ನಾನೊಬ್ಬನೇ, ಅದೂ ಸ್ಟಿಯರಿಂಗ್ ಹಿಂದೆ ಕೂತು. ಕುಂದಾಪುರದಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಹೆಂಡತಿ ಗ್ಲೋವ್‌ಬಾಕ್ಸಿನಿಂದ ನೋಟ್‌ಬುಕ್ ತೆಗೆದು ಹಿಂದಿನ ಸೀಟಿಗೆ, ಅಮ್ಮನ ಕೈಗೆ ಕೊಟ್ಟಳು. ಈಗ ಅದು ಅಲ್ಲೇ ಇರುತ್ತದೆ.