ಥ್ಯಾಂಕ್ಸ್‌ಗಿವಿಂಗ್ ಟರ್ಕಿ ಒಣಗದಿರಲಿ

ನವೆಂಬರ್ ಬಂತು ಅಂದರೆ ಅಮೆರಿಕದಲ್ಲಿರುವ ನಮ್ಮ ಹುಡುಗ ಹುಡುಗಿಯರ ಫೋನು ಶುರುವಾಗುತ್ತದೆ. ದೊಡ್ಡಮ್ಮಾ, ಈ ಸಲ ಥ್ಯಾಂಕ್ಸ್‌ಗಿವಿಂಗ್ ಊಟ ನಮ್ಮ ಮನೇಲಿ, ಟರ್ಕಿ ಒಣಗದ ಹಾಗೆ ಮಾಡೋದು ಹೇಗೆ ಅಂತ. ಟರ್ಕಿ ಅಂದರೆ ಕೋಳಿಯಂಥದೇ ದೊಡ್ಡ ಹಕ್ಕಿ, ಅಮೆರಿಕನ್ನರ ಈ ಹಬ್ಬದೂಟಕ್ಕೆ ಅದನ್ನು ಇಡಿಯಾಗಿ ಓವನ್‌ನಲ್ಲಿ ಬೇಯಿಸುತ್ತಾರೆ. ಹಬ್ಬ ಇರುವುದು ತಿಂಗಳ ನಾಲ್ಕನೇ ಗುರುವಾರ. ಫೋನು ಬರುವುದು ಹೆಚ್ಚಾಗಿ ಬುಧವಾರ ರಾತ್ರಿ. ಆ ಹೊತ್ತಿಗೆ ನಾನು ಹೇಳಬೇಕಾದ ಅರ್ಧ ಮಾತಿಗೆ ಕಾಲ ಮೀರಿರುತ್ತದೆ. ಅದಕ್ಕೇ ಈ ಸಲ ಮುಂಚೆಯೇ ಬರೆದಿಡುತ್ತಿದ್ದೇನೆ.

ಟರ್ಕಿ ಒಣಗುವುದಕ್ಕೆ ಮುಖ್ಯ ಕಾರಣ ಎರಡು. ಉಪ್ಪು ತಡವಾಗಿ ಬಿದ್ದಿರುತ್ತದೆ, ಇಲ್ಲವೇ ಓವನ್‌ನಿಂದ ತಡವಾಗಿ ತೆಗೆದಿರುತ್ತಾರೆ. ಉಳಿದ ಬೆಣ್ಣೆ, ಸೊಪ್ಪು, ಮಸಾಲೆ ಎಲ್ಲ ರುಚಿಗೆ ಬೇಕು. ಮಾಂಸದ ರಸ ಉಳಿಸಿಕೊಡುವುದು ಮಾತ್ರ ಈ ಎರಡೇ.

ಈ ಹಕ್ಕಿಯ ಮೈಕಟ್ಟು ಒಂದಿಷ್ಟು ಗೊತ್ತಿದ್ದರೆ ಕೆಲಸ ಸುಲಭ. ಕಾಡು ಟರ್ಕಿ ದಿನವಿಡೀ ನೆಲದ ಮೇಲೆ ಓಡಾಡಿ ಮೇಯುತ್ತದೆ. ನ್ಯೂಜೆರ್ಸಿಯಲ್ಲಿ ಮನೆ ಹಿತ್ತಲಿಗೇ ಗುಂಪಾಗಿ ಬರುವುದನ್ನು ಬೇಕಾದಷ್ಟು ಜನ ನೋಡಿರುತ್ತೀರಿ. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಬ್ರಾಡ್ ಬ್ರೆಸ್ಟೆಡ್ ವೈಟ್ ಅನ್ನುವ ತಳಿ. ಎದೆ ದೊಡ್ಡದಾಗಲಿ ಅಂತಲೇ ಬೆಳೆಸಿದ್ದು. ಆ ಎದೆ ಮಾಂಸದಲ್ಲಿ ಕೊಬ್ಬು ಕಡಿಮೆ, ಬೇಗ ಬೇಯುತ್ತದೆ, ಸ್ವಲ್ಪ ಜಾಸ್ತಿ ಬೆಂದರೂ ನಾರು ನಾರಾಗುತ್ತದೆ. ಕಾಲು ತೊಡೆ ಹಾಗಲ್ಲ. ಅಲ್ಲಿ ಗಟ್ಟಿ ನಾರು, ಜಿಡ್ಡು ಎರಡೂ ಇವೆ, ಮೆತ್ತಗಾಗಲು ಇನ್ನಷ್ಟು ಬಿಸಿ ಬೇಕು. ಹೀಗೆ ಒಂದೇ ಹಕ್ಕಿಯಲ್ಲಿ ಎರಡು ಥರದ ಮಾಂಸ ಇದೆ. ಎರಡನ್ನೂ ಒಟ್ಟಿಗೆ ಹದಕ್ಕೆ ತರುವುದೇ ಇಲ್ಲಿನ ಕೆಲಸ.

ಕೊಳ್ಳುವಾಗ ತಲೆಗೆ ಒಂದರಿಂದ ಒಂದೂವರೆ ಪೌಂಡ್ ಲೆಕ್ಕ ಹಾಕಿ. ನಮ್ಮ ಕೂಟಗಳಲ್ಲಿ ಅರ್ಧ ಜನ ಸಸ್ಯಾಹಾರಿಗಳೇ ಇರುತ್ತಾರಲ್ವಾ, ತಿನ್ನುವವರನ್ನು ಮಾತ್ರ ಎಣಿಸಿ. 20 ಪೌಂಡಿನ ಒಂದು ತರುವುದಕ್ಕಿಂತ 10-12 ಪೌಂಡಿನ ಎರಡು ತರುವುದು ವಾಸಿ. ಚಿಕ್ಕದು ಸಮನಾಗಿ ಬೇಯುತ್ತದೆ. ಚೀಟಿಯನ್ನೂ ಓದಿ. ಉಪ್ಪುನೀರು ಸೇರಿಸಿದೆ ಅಂತ ಇಷ್ಟು ಶೇಕಡಾ ಲೆಕ್ಕದಲ್ಲಿ ಬರೆದಿದ್ದರೆ, ಅಥವಾ ಯಹೂದಿಗಳ ಪದ್ಧತಿಯಂತೆ ಸಿದ್ಧಮಾಡಿದ ಕೋಷರ್ ಟರ್ಕಿ ಆಗಿದ್ದರೆ, ಅದಕ್ಕೆ ಉಪ್ಪು ಆಗಲೇ ಬಿದ್ದಿದೆ. ನೀವು ಮತ್ತೆ ಹಚ್ಚಿದರೆ ತಿನ್ನಲಾಗುವುದಿಲ್ಲ.

ಫ್ರೀಜರ್‌ನಿಂದ ತಂದ ಟರ್ಕಿ ಕರಗಲು ಫ್ರಿಜ್‌ನಲ್ಲಿ ಪ್ರತಿ 4-5 ಪೌಂಡಿಗೆ ಒಂದು ಪೂರ್ತಿ ದಿನ ಬೇಕು. 12 ಪೌಂಡಿನದಾದರೆ ಶನಿವಾರ ಸಂಜೆ ಫ್ರಿಜ್‌ನ ಕೆಳಗಿನ ಶೆಲ್ಫಿಗೆ ಇಳಿಸಿ, ನೀರು ಸೋರದ ಹಾಗೆ ಅಡಿಗೆ ದೊಡ್ಡ ತಟ್ಟೆ ಇಡಿ. ಮಂಗಳವಾರ ಸಂಜೆಗೆ ಸಿದ್ಧವಾಗುತ್ತದೆ. ಅಡುಗೆಕಟ್ಟೆ ಮೇಲೆ ಇಟ್ಟು ಕರಗಿಸುವುದು ಬೇಡವೇ ಬೇಡ. ಒಳಗೆ ಇನ್ನೂ ಮಂಜು ಇರುವಾಗಲೇ ಹೊರಗಿನ ಮಾಂಸ ಕೆಡಲು ಶುರುವಾಗಿರುತ್ತದೆ. ಬುಧವಾರ ನೋಡಿದಾಗ ಇನ್ನೂ ಕಲ್ಲಿನ ಹಾಗೇ ಇದೆ ಅನ್ನಿ, ಕವರ್ ಸಮೇತ ತಣ್ಣೀರಲ್ಲಿ ಪೂರ್ತಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಪೌಂಡಿಗೆ ಅರ್ಧ ಗಂಟೆ ಹಿಡಿಯುತ್ತದೆ, ಅಂದರೆ 12 ಪೌಂಡಿಗೆ 6 ಗಂಟೆ. ಹೀಗೆ ಕರಗಿಸಿದ್ದನ್ನು ಮತ್ತೆ ಎತ್ತಿಡುವ ಹಾಗಿಲ್ಲ, ಆಗಲೇ ಬೇಯಿಸಬೇಕು. ಹಾಗಾಗಿ ಗುರುವಾರ ಬೆಳಗಿನ ಜಾವ ಎದ್ದು ನೀರಿಗೆ ಹಾಕಿ.

ಕರಗಿದ ಮೇಲೆ ಒಳಗೆ ಕೈ ಹಾಕಿ ನೋಡಿ. ಹೊಟ್ಟೆಯೊಳಗೆ ಕುತ್ತಿಗೆ ಇರುತ್ತದೆ. ಲಿವರ್, ಗುಂಡಿಗೆ ಇರುವ ಪುಟ್ಟ ಪೊಟ್ಟಣ ಹೆಚ್ಚಾಗಿ ಮುಂಭಾಗದ, ಕುತ್ತಿಗೆಯ ಚರ್ಮದ ಸಂದಿಯಲ್ಲಿ ಅಡಗಿರುತ್ತದೆ. ಎರಡೂ ಕಡೆ ಹುಡುಕಿ. ಲಿವರ್ ಬಿಟ್ಟು ಉಳಿದದ್ದೆಲ್ಲ ಗ್ರೇವಿಗೆ ಬೇಕು, ಎಸೆಯಬೇಡಿ.

ಇನ್ನು ತೊಳೆಯುವ ಮಾತು. ಕೋಳಿಯನ್ನು ಅರಿಸಿನ, ಉಪ್ಪು ಹಾಕಿ ಮೂರು ನೀರಲ್ಲಿ ತೊಳೆಯದೆ ನಮ್ಮವರಿಗೆ ಮನಸ್ಸು ಒಪ್ಪುವುದಿಲ್ಲ. ಊರಲ್ಲಿ ಆಗ ತಾನೇ ಕೊಯ್ದ ಕೋಳಿಗೆ ಅದು ಸರಿ. ಇಲ್ಲಿ ಟರ್ಕಿ ಶುಚಿಯಾಗಿಯೇ ಬರುತ್ತದೆ. ಇಷ್ಟು ದೊಡ್ಡ ಹಕ್ಕಿಯನ್ನು ಸಿಂಕ್‌ನಲ್ಲಿಟ್ಟು ನಲ್ಲಿ ಬಿಟ್ಟರೆ ನೀರು ಸುತ್ತ ಸಿಡಿಯುತ್ತದೆ. ಪಕ್ಕದಲ್ಲಿ ಹೆಚ್ಚಿಟ್ಟ ಕೋಸಂಬರಿಗೆ, ತೊಳೆದಿಟ್ಟ ತಟ್ಟೆಗೆ ಸಾಲ್ಮೊನೆಲ್ಲಾದಂಥ ರೋಗಾಣು ಅಂಟಿಕೊಳ್ಳುವುದು ಹೀಗೇ. ಪೇಪರ್ ಟವೆಲ್‌ನಿಂದ ಒಳಗೂ ಹೊರಗೂ ಒರೆಸಿ, ಅಷ್ಟೇ ಸಾಕು. ರೋಗಾಣು ಸಾಯುವುದು ಬಿಸಿಗೆ, ನೀರಿಗಲ್ಲ. ಕೈ ಮಾತ್ರ ಸೋಪು ಹಾಕಿ ಚೆನ್ನಾಗಿ ತೊಳೆದುಕೊಳ್ಳಿ.

ಈಗ ಉಪ್ಪು. ಇಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಬಕೆಟ್ ತುಂಬ ಉಪ್ಪುನೀರು ಮಾಡಿ ಅದರಲ್ಲಿ ಮುಳುಗಿಸಿಡುವವರೂ ಇದ್ದಾರೆ. ಮಾಂಸ ಒಣಗುವುದಿಲ್ಲ, ನಿಜ. ಆದರೆ ರುಚಿ ನೀರುನೀರಾಗುತ್ತದೆ, ಚರ್ಮವೂ ಗರಿಗರಿ ಆಗುವುದಿಲ್ಲ, ಫ್ರಿಜ್‌ನಲ್ಲಿ ಅಷ್ಟು ಜಾಗವೂ ಇರುವುದಿಲ್ಲ. ಒಣ ಉಪ್ಪೇ ನನಗೆ ಮೆಚ್ಚು. 5 ಪೌಂಡಿಗೆ ಒಂದು ಟೇಬಲ್ ಚಮಚ ಕೋಷರ್ ಉಪ್ಪು, ಅಂದರೆ ಹರಳು ಹರಳಾದ ಉಪ್ಪು. ಪುಡಿ ಉಪ್ಪಾದರೆ ಅದರ ಅರ್ಧ ಸಾಕು, ಯಾಕೆಂದರೆ ಅದು ಚಮಚದಲ್ಲಿ ಒತ್ತೊತ್ತಾಗಿ ಕೂರುತ್ತದೆ. ಎದೆಯ ಚರ್ಮದ ಕೆಳಗೆ ಬೆರಳು ತೂರಿಸಿ ಮೆಲ್ಲಗೆ ಬಿಡಿಸುತ್ತಾ ಹೋಗಿ. ಹರಿಯಬಾರದು, ಉಗುರು ತಾಗದ ಹಾಗೆ ಬೆರಳಿನ ಹೊಟ್ಟೆಯಿಂದಲೇ ತಳ್ಳಬೇಕು. ಮಧ್ಯದ ಎಲುಬಿನ ಹತ್ತಿರ ಒಂದು ತೆಳು ಪೊರೆ ಅಡ್ಡ ಬರುತ್ತದೆ, ಅಲ್ಲಿ ಮಾತ್ರ ಜೋಪಾನ. ಉಪ್ಪಿನಲ್ಲಿ ಹೆಚ್ಚು ಪಾಲು ಹೀಗೆ ಚರ್ಮದ ಕೆಳಗೆ, ನೇರವಾಗಿ ಮಾಂಸದ ಮೇಲೆ ಹೋಗಲಿ. ಉಳಿದದ್ದು ತೊಡೆಗೆ, ಹೊಟ್ಟೆಯೊಳಗೆ, ಮೇಲೆ ಒಂದಿಷ್ಟು.

ಉಪ್ಪು ಹಾಕಿದ ಮಾವಿನಕಾಯಿ ಹೋಳು ನೀರು ಬಿಡುವ ಹಾಗೆ ಮಾಂಸವೂ ಮೊದಲು ನೀರು ಬಿಡುತ್ತದೆ. ಅದನ್ನು ನೋಡಿ ಗಾಬರಿಯಾಗಿ ಒರೆಸಬೇಡಿ. ಆ ನೀರಲ್ಲೇ ಉಪ್ಪು ಕರಗಿ, ನಿಧಾನಕ್ಕೆ ಮಾಂಸದೊಳಗೆ ವಾಪಸ್ ಹೋಗುತ್ತದೆ. ಹಾಗೆ ಒಳಗಿಳಿದ ಉಪ್ಪು ಮಾಂಸದ ಎಳೆಗಳನ್ನು ಸಡಿಲ ಮಾಡುತ್ತದೆ. ಬೇಯುವಾಗ ಎಳೆಗಳು ಬಿಗಿಯಾಗಿ ರಸ ಹಿಂಡುವುದು ಕಡಿಮೆಯಾಗುತ್ತದೆ. ಇದಕ್ಕೆಲ್ಲ ಒಂದೂವರೆ ಎರಡು ದಿನ ಬೇಕು. ಅದಕ್ಕೇ ಮಂಗಳವಾರ ಸಂಜೆಗೆ ಕರಗಿರಬೇಕು ಅಂದಿದ್ದು, ಆಗಲೇ ಉಪ್ಪು ಹಚ್ಚಿ. ಬುಧವಾರ ರಾತ್ರಿಯೆಲ್ಲ ಫ್ರಿಜ್‌ನಲ್ಲಿ ಮುಚ್ಚದೆ ಇಡಿ, ಚರ್ಮ ಒಣಗಿ ಕಾಗದದ ಹಾಗೆ ಆಗಲಿ. ಗರಿಗರಿ ಆಗಬೇಕಾದ್ದು ಅದೊಂದೇ.

ಮಸಾಲೆ ಹಚ್ಚೋಣವಾ ಅಂತ ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ಹಚ್ಚಿ. ಆದರೆ ಶುಂಠಿ ಪೇಸ್ಟು, ಮೊಸರು, ನಿಂಬೆರಸ ಹಾಕಿ ಎರಡು ದಿನ ನೆನೆಸಬೇಡಿ. ಹಸಿಶುಂಠಿ ಮತ್ತು ಹುಳಿ ಮೇಲಿನ ಮಾಂಸವನ್ನು ಹಿಟ್ಟು ಹಿಟ್ಟಾಗಿ ಮಾಡುತ್ತವೆ. ಗುರುವಾರ ಬೆಳಿಗ್ಗೆ ಒಂದು ಸ್ಟಿಕ್, ಅಂದರೆ ಅರ್ಧ ಕಪ್, ಮೆತ್ತನೆ ಬೆಣ್ಣೆ ತಗೊಳ್ಳಿ, ಉಪ್ಪಿಲ್ಲದ್ದು. ಕುಟ್ಟಿದ ಕಾಳುಮೆಣಸು, ಜಜ್ಜಿದ ಬೆಳ್ಳುಳ್ಳಿ, ಸ್ವಲ್ಪ ಹುರಿದ ಕೊತ್ತಂಬರಿ ಪುಡಿ, ಬಣ್ಣಕ್ಕೆ ಎರಡು ಚಮಚ ಬ್ಯಾಡಗಿ ಮೆಣಸಿನ ಪುಡಿ ಕಲಸಿ ಚರ್ಮದ ಕೆಳಗೆ ಹಚ್ಚಿ. ಇಲ್ಲಿಯವರ ರುಚಿ ಬೇಕಾದರೆ ಸೇಜ್, ಥೈಮ್, ರೋಸ್ಮರಿ ಸೊಪ್ಪು ಹಾಕಿ. ಅದೂ ಬಲು ಚೆನ್ನಾಗಿರುತ್ತದೆ. ಚರ್ಮದ ಮೇಲೆ ಮಾತ್ರ ಬರೀ ಎಣ್ಣೆ ಸವರಿ. ಬೆಳ್ಳುಳ್ಳಿ, ಮೆಣಸಿನ ಪುಡಿ, ಬೆಲ್ಲ ಯಾವುದು ಮೇಲಿದ್ದರೂ ಕರಟುತ್ತದೆ.

ಓವನ್ ಹಚ್ಚುವ ಮುಂಚೆ ಅದರೊಳಗೆ ತುಂಬಿಟ್ಟ ಬಾಣಲೆ, ಕಾವಲಿ, ಕುಕ್ಕರಿನ ಮುಚ್ಚಳ ಎಲ್ಲ ತೆಗೆಯಿರಿ. ನಮ್ಮ ಮನೆಗಳಲ್ಲಿ ಓವನ್ ಅಂದರೆ ಪಾತ್ರೆಯ ಬೀರು ತಾನೇ. ಒಳಗಿನ ತಂತಿ ತಟ್ಟಿಯನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿ, ಖಾಲಿ ಟ್ರೇ ಇಟ್ಟು ಜಾಗ ಸಾಲುತ್ತದೆಯೇ ಅಂತ ಹಿಂದಿನ ದಿನವೇ ನೋಡಿಕೊಳ್ಳಿ. ಅಂಗಡಿಯ ತೆಳು ಅಲ್ಯೂಮಿನಿಯಂ ಟ್ರೇ ಆದರೆ ಅಡಿಗೆ ಗಟ್ಟಿ ಬೇಕಿಂಗ್ ಶೀಟ್ ಕೊಡಿ, ಇಲ್ಲದಿದ್ದರೆ ಎತ್ತುವಾಗ ಮಡಚಿಕೊಂಡು ಬಿಸಿ ಜಿಡ್ಡು ಕಾಲ ಮೇಲೆ ಬೀಳುತ್ತದೆ. ಟ್ರೇಯಲ್ಲಿ ದಪ್ಪಗೆ ಹೆಚ್ಚಿದ ಈರುಳ್ಳಿ, ಕ್ಯಾರೆಟ್, ಸೆಲರಿ ಹರಡಿ, ಎರಡು ಕಪ್ ನೀರು ಹಾಕಿ, ಅದರ ಮೇಲೆ ಟರ್ಕಿ ಕೂರಿಸಿ. ಇಳಿದ ರಸ ಸೀಯುವುದಿಲ್ಲ, ಸ್ಮೋಕ್ ಅಲಾರಂ ಕೂಗುವುದಿಲ್ಲ.

425 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮೊದಲ ಅರ್ಧ ಗಂಟೆ ಇಡಿ, ಆಮೇಲೆ 325ಕ್ಕೆ ಇಳಿಸಿ. ಓವನ್‌ನ ಹಿಂಭಾಗ ಸಾಮಾನ್ಯವಾಗಿ ಜಾಸ್ತಿ ಬಿಸಿ, ಅದಕ್ಕೆ ಕಾಲು ಒಳಗಡೆಗೆ, ಎದೆ ಬಾಗಿಲ ಕಡೆಗೆ ಇರಲಿ. ಎದೆಯ ಚರ್ಮ ಒಳ್ಳೇ ಕಂದು ಬಣ್ಣಕ್ಕೆ ತಿರುಗಿದ ಕೂಡಲೇ ಎದೆಗೆ ಮಾತ್ರ ಫಾಯಿಲ್ ಹೊದಿಸಿ. ಕಾಲು ಬಯಲಲ್ಲೇ ಇರಲಿ. ಎದೆಗೆ ಬಿಸಿ ಕಡಿಮೆ, ತೊಡೆಗೆ ಜಾಸ್ತಿ ಸಿಗಬೇಕು ಅನ್ನುವುದೇ ನಮ್ಮ ಲೆಕ್ಕ. ಇಪ್ಪತ್ತು ನಿಮಿಷಕ್ಕೊಮ್ಮೆ ಬಾಗಿಲು ತೆಗೆದು ರಸ ಮೊಗೆದು ಸುರಿಯುವುದನ್ನು ಬಿಟ್ಟುಬಿಡಿ. ಸುರಿದದ್ದು ಮಾಂಸದೊಳಗೆ ಇಳಿಯುವುದಿಲ್ಲ, ಚರ್ಮ ಮೆತ್ತಗಾಗುತ್ತದೆ, ಓವನ್‌ನ ಕಾವೆಲ್ಲ ಹೊರಗೆ ಹೋಗುತ್ತದೆ.

ಎಷ್ಟು ಹೊತ್ತು ಅಂದರೆ, 12 ಪೌಂಡಿನ ಟರ್ಕಿಗೆ ಹೆಚ್ಚುಕಡಿಮೆ 3 ಗಂಟೆ. ಆದರೆ ಗಡಿಯಾರ ನಂಬಿ ಕೂರಬೇಡಿ. ಒಂದೊಂದು ಓವನ್ ಒಂದೊಂದು ಥರ. ಬೇರೇನು ಕೊಳ್ಳದಿದ್ದರೂ ಚುಚ್ಚಿ ನೋಡುವ ಒಂದು ಥರ್ಮಾಮೀಟರ್ ಕೊಳ್ಳಿ. ಎರಡು ಗಂಟೆ ಕಳೆದ ಮೇಲೆ ನೋಡಲು ಶುರು ಮಾಡಿ. ಎದೆಯ ದಪ್ಪ ಭಾಗಕ್ಕೆ ಪಕ್ಕದಿಂದ ಚುಚ್ಚಿ, ತುದಿ ಎಲುಬಿಗೆ ತಾಗಬಾರದು. ಎರಡು ಮೂರು ಕಡೆ ನೋಡಿ, ಎಲ್ಲಕ್ಕಿಂತ ಕಡಿಮೆ ತೋರಿಸಿದ್ದೇ ನಿಮ್ಮ ಲೆಕ್ಕ. ಎದೆ 165 ಡಿಗ್ರಿ, ಅಂದರೆ 74 ಸೆಲ್ಸಿಯಸ್ ಮುಟ್ಟಿದರೆ ಬೆಂದಿದೆ ಅಂತ ಅರ್ಥ. ಅಮೆರಿಕದ ಕೃಷಿ ಇಲಾಖೆ ಹೇಳುವ ಅಂಕಿಯೂ ಇದೇ. ತೊಡೆಯ ಒಳಭಾಗ 175ರ ಹತ್ತಿರ ಇದ್ದರೆ ಮೆತ್ತಗಿರುತ್ತದೆ. 160ಕ್ಕೇ ತೆಗೆದು, ಉಳಿದ ಕಾವಿಗೆ ಬೇಯಲಿ ಅನ್ನುವವರಿದ್ದಾರೆ. ಮಕ್ಕಳು, ವಯಸ್ಸಾದವರು, ಬಸುರಿಯರು ತಿನ್ನುವ ಊಟಕ್ಕೆ ನಾನು ಹಾಗೆ ಹೇಳುವುದಿಲ್ಲ. 165 ನೋಡಿ, ಆ ಕ್ಷಣವೇ ತೆಗೆಯಿರಿ. ಇನ್ನೊಂದು ಹತ್ತು ನಿಮಿಷ ಇರಲಿ ಅಂತ ಬಿಟ್ಟರೆ ಅಲ್ಲೇ ಕೆಡುವುದು. ಕೆಲವು ಟರ್ಕಿಗೆ ಚುಚ್ಚಿಯೇ ಬರುವ ಪ್ಲಾಸ್ಟಿಕ್ ಗುಂಡಿ ಮೇಲೇಳುವ ಹೊತ್ತಿಗೆ ಎದೆ ಹೆಚ್ಚಾಗಿ ಒಣಗಿಯೇ ಇರುತ್ತದೆ, ಅದನ್ನು ಕಾಯಬೇಡಿ.

ಹೊರಗೆ ತೆಗೆದು ಅರ್ಧ ಗಂಟೆ ಮುಟ್ಟಬೇಡಿ. ಬಿಸಿಬಿಸಿ ಇರುವಾಗ ಕೊಯ್ದರೆ ರಸವೆಲ್ಲ ಹಲಗೆ ಮೇಲೆ ಹರಿದು ಹೋಗುತ್ತದೆ. ಬಿಗಿಯಾಗಿ ಮುಚ್ಚಲೂಬೇಡಿ, ಆವಿಗೆ ಚರ್ಮ ನೆನೆಯುತ್ತದೆ.

ಆ ಅರ್ಧ ಗಂಟೆ ಗ್ರೇವಿಗೆ. ಕುತ್ತಿಗೆ, ಗುಂಡಿಗೆಯನ್ನು ಈರುಳ್ಳಿ, ಕಾಳುಮೆಣಸಿನ ಜೊತೆ ಬೆಳಿಗ್ಗೆಯೇ ಬೇಯಿಸಿ ಸ್ಟಾಕ್ ಮಾಡಿಟ್ಟಿರಿ. ಟ್ರೇಯ ರಸ ಬಸಿದು ಗಾಜಿನ ಪಾತ್ರೆಗೆ ಹಾಕಿ, ಜಿಡ್ಡು ಮೇಲೆ ತೇಲುತ್ತದೆ. ಮೂರು ಟೇಬಲ್ ಚಮಚ ಜಿಡ್ಡಿಗೆ ಅಷ್ಟೇ ಮೈದಾ ಹಾಕಿ ಹಸಿವಾಸನೆ ಹೋಗುವವರೆಗೆ ಹುರಿದು, ಉಳಿದ ರಸ ಮತ್ತು ಸ್ಟಾಕ್ ಎರಡೂ ಸೇರಿ ಮೂರು ಕಪ್ ಆಗುವಷ್ಟನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಗಂಟಾಗದ ಹಾಗೆ ಕೈಯಾಡಿಸಿ. ಉಪ್ಪು ಕೊನೆಗೆ, ರುಚಿ ನೋಡಿಯೇ ಹಾಕಿ. ಕೊಡಗಿನ ಕಾಚಂಪುಳಿ ಮನೆಯಲ್ಲಿದ್ದರೆ ಕಾಲು ಚಮಚ ಬಿಡಿ, ಆ ಹುಳಿ ಈ ಜಿಡ್ಡಿಗೆ ಬಹಳ ಚೆನ್ನಾಗಿ ಕೂಡುತ್ತದೆ.

ಕೊಯ್ಯುವಾಗ ಮೊದಲು ಕಾಲು ತೊಡೆಯನ್ನು ಕೀಲಿನ ಹತ್ತಿರ ಬಿಡಿಸಿ. ಎದೆಯನ್ನು ಹಕ್ಕಿಯ ಮೇಲೇ ಹೋಳು ಮಾಡಬೇಡಿ. ಎಲುಬಿಗೆ ಒತ್ತಿ ಕತ್ತಿ ಇಳಿಸಿ, ಇಡೀ ತುಂಡನ್ನು ಎತ್ತಿ ಹಲಗೆ ಮೇಲಿಟ್ಟು ಅಡ್ಡಡ್ಡ ಕೊಯ್ಯಿರಿ. ಎಳೆ ಗಿಡ್ಡವಾದಷ್ಟೂ ಬಾಯಿಗೆ ಮೆತ್ತಗೆ. ಸ್ವಲ್ಪ ಒಣಗಿದೆ ಅನ್ನಿಸಿದರೆ ತಟ್ಟೆಯಲ್ಲಿ ಜೋಡಿಸಿದ ಹೋಳುಗಳ ಮೇಲೆ ಒಂದು ಸೌಟು ಬಿಸಿ ಸ್ಟಾಕ್ ಹಾಕಿ ಬಡಿಸಿ.

ಸ್ಟಫಿಂಗ್ ಅನ್ನುವ ಬ್ರೆಡ್ಡಿನ ಒಗ್ಗರಣೆಯನ್ನು ಹಕ್ಕಿಯ ಹೊಟ್ಟೆಗೆ ತುಂಬಬೇಡಿ. ಅದೂ 165 ಮುಟ್ಟುವವರೆಗೆ ಕಾಯುವಷ್ಟರಲ್ಲಿ ಎದೆ ಒಣಗುತ್ತದೆ. ಬೇರೆ ಟ್ರೇಯಲ್ಲಿ ತರಕಾರಿ ಸ್ಟಾಕ್ ಹಾಕಿ ಮಾಡಿದರೆ ಸಸ್ಯಾಹಾರಿಗಳೂ ತಿನ್ನಬಹುದು. ಅವರ ಅಡುಗೆ ಮೊದಲು ಓವನ್‌ನಲ್ಲಿ ಮುಗಿಯಲಿ, ಸೌಟೂ ಬೇರೆ ಇರಲಿ.

ಊಟ ಆದ ಮೇಲೆ ಹರಟೆಗೆ ಕೂತು ಟರ್ಕಿಯನ್ನು ಮೇಜಿನ ಮೇಲೇ ಮರೆಯಬೇಡಿ. ಎರಡು ಗಂಟೆಯೊಳಗೆ ಎಲುಬಿನಿಂದ ಬಿಡಿಸಿ ಫ್ರಿಜ್‌ಗೆ ಸೇರಿಸಿ. ಮೂರು ನಾಲ್ಕು ದಿನ ಇರುತ್ತದೆ, ಆಮೇಲಿನದಕ್ಕೆ ಫ್ರೀಜರ್. ಎಲುಬಿನ ಗೂಡನ್ನು ದೊಡ್ಡ ಪಾತ್ರೆಯಲ್ಲಿ ಸಣ್ಣ ಉರಿಗಿಟ್ಟರೆ ಒಳ್ಳೇ ಸ್ಟಾಕ್ ಬರುತ್ತದೆ. ಕಾಳುಮೆಣಸು, ಬೆಳ್ಳುಳ್ಳಿ ಹಾಕಿ ಸಾರು ಮಾಡಿ. ಮಾಂಸವನ್ನು ಕೈಯಲ್ಲೇ ಎಳೆ ಎಳೆಯಾಗಿ ಬಿಡಿಸಿ ಸುಕ್ಕ ಮಾಡಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಒಂದು ಚಿಟಿಕೆ ಮೆಂತ್ಯ ಹುರಿದು ಪುಡಿ ಮಾಡಿ, ತೆಂಗಿನತುರಿ ಬೆಳ್ಳುಳ್ಳಿ ಜೊತೆ ತರಿತರಿಯಾಗಿ ತಿರುವಿ. ಈರುಳ್ಳಿ ಬಾಡಿಸಿ, ಮಸಾಲೆ ಕುದಿಸಿ, ಮಾಂಸ ಕಟ್ಟಕಡೆಗೆ ಹಾಕಬೇಕು. ಅದು ಬೆಂದದ್ದೇ, ಬಿಸಿಯಾದರೆ ಸಾಕು. ಶುಕ್ರವಾರ ಬೆಳಿಗ್ಗೆ ನೀರುದೋಸೆಗೆ ಇದು ಆಗುತ್ತದೆ, ಅಕ್ಕಿಯನ್ನು ಗುರುವಾರ ರಾತ್ರಿಯೇ ನೆನೆಹಾಕಿ.